ಆರನೇ ಕುರ್ಚಿಯ ತೇಪೆ

ಕುರ್ಚಿ ಡಾಕ್ಟರಮ್ಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹೊಸಬರು ಯಾರೋ ಜ್ವರ ತೋರಿಸಲು ಒಳಗೆ ಬಂದು, ಕೈಕಾಲು ಮುರಿದುಕೊಂಡು ಬಿದ್ದಿದ್ದ ಮೇಜು ಕುರ್ಚಿಗಳನ್ನು ಕಂಡು ಬಂದ ದಾರಿ ಹಿಡಿದದ್ದೂ ಉಂಟು. ಉಳಿ ಹಿಡಿಯುವುದನ್ನು ಅವಳಿಗೆ ಕಲಿಸಿದವನು ಮಾವ. ಮಗನಿಗೆ ಒಲಿಯದ ಕೆಲಸ ಸೊಸೆಗೆ ಒಲಿಯಿತು, ಏನು ಮಾಡುವುದು! ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲವೂ ಇದೇ ಅಂಗಡಿಯಿಂದ. ಈಗ ಆ ಮಗಳೇ ವಾರಕ್ಕೆರಡು ದಿನ ಬಂದು ಸೀಟುಗಳಿಗೆ ಬೆತ್ತ ಹೆಣೆದುಕೊಡುತ್ತಾಳೆ.

ನಾವು ನೀವೆಲ್ಲ ಕುರ್ಚಿಯನ್ನು ಕೂರುವ ಕಡೆಯಿಂದ ನೋಡುತ್ತೇವೆ. ಡಾಕ್ಟರಮ್ಮ ಮೊದಲು ಅದನ್ನು ಮಗುಚಿ ಹಾಕುತ್ತಾಳೆ. "ಮೇಲೆ ಪಾಲಿಶ್ ಹಾಕಿ ಎಲ್ರೂ ಸುಳ್ಳು ಹೇಳ್ತಾರೆ. ಅಡಿಯಲ್ಲಿ ಸುಳ್ಳು ಹೇಳೋಕೆ ಯಾರಿಗೂ ಪುರುಸೊತ್ತಿರಲ್ಲ" ಎನ್ನುತ್ತಾಳೆ. ಇನ್ನೂರು ವರ್ಷಗಳ ಹಿಂದೆ ಇಂಗ್ಲಿಷರು ತಮ್ಮ ಮಾದರಿ ಕೊಟ್ಟು, ಚೀನಾದ ಬಡಗಿಗಳ ಕೈಲಿ ಮಾಡಿಸಿ ಹಡಗಿನಲ್ಲಿ ತರಿಸಿಕೊಂಡ ಕುರ್ಚಿಗಳುಂಟಲ್ಲ, ಅವನ್ನು ಗುರುತಿಸುವುದರಲ್ಲಿ ಅವಳದು ಎತ್ತಿದ ಕೈ. ಮುಂದಿನಿಂದ ನೋಡಿದರೆ ಅಪ್ಪಟ ಇಂಗ್ಲಿಷ್ ಕುರ್ಚಿ. ಮಗುಚಿದರೆ ಗುಟ್ಟು ರಟ್ಟು. ಇಂಗ್ಲಿಷ್ ಬಡಗಿ ಸೀಟಿನ ಮೂಲೆಗೆ ಒಂದು ಮರದ ತುಂಡು ಅಂಟಿಸಿ ಕೈತೊಳೆದುಕೊಳ್ಳುತ್ತಾನೆ. ಚೀನಾದವನು ಮರದೊಳಕ್ಕೆ ಮರವನ್ನೇ ಕಚ್ಚಿಸಿ, ತುಂಡೂ ಬೇಡ, ಮೊಳೆಯೂ ಬೇಡ ಎನ್ನುತ್ತಾನೆ.

ವಕೀಲರ ಮನೆಯಿಂದ ಆರು ಕುರ್ಚಿ ರಿಪೇರಿಗೆ ಬಂದ ದಿನವೇ ಅವಳು ಆರನ್ನೂ ಮಗುಚಿ ನೋಡಿದ್ದಳು. ಐದು ಚೀನಾದವು, ಒಂದು ಇಂಗ್ಲಿಷಿನದು. ಯಾವ ಕಾಲದಲ್ಲೋ ಒಂದು ಮುರಿದಿರಬೇಕು, ಮನೆಯವರು ಅಂಥದ್ದೇ ಇನ್ನೊಂದನ್ನು ತಂದು ಸೇರಿಸಿರಬೇಕು ಎಂದುಕೊಂಡಳು. ಈ ಕಸುಬಿನವರೆಲ್ಲ ಹಾಗೇ. ಗುಂಪಿನಲ್ಲಿ ಬೇರೆಯಾಗಿ ಕಂಡದ್ದು ಹೊರಗಿನದು ಎಂದು ತೀರ್ಮಾನಿಸಿಬಿಡುತ್ತಾರೆ. ಹೇಳಿದರೆ ವಕೀಲರ ಮನಸ್ಸಿಗೆ ಕಸಿವಿಸಿ ಎಂದು ಬಾಯಿಗೆ ಬೀಗ ಹಾಕಿಕೊಂಡಳು. ರಸೀತಿಯಲ್ಲಿ ಬರೆದದ್ದು "ಆರು ಕುರ್ಚಿ, ಬೆತ್ತದ ಕೆಲಸ" ಎಂದಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಖಂಡಿತ ರಿಪೇರಿ ಅಂಗಡಿ ಇಟ್ಟವರಲ್ಲ ಬಿಡಿ.

ಮೂರು ವಾರ ಕಳೆದು ವಕೀಲರು ಕುರ್ಚಿ ಒಯ್ಯಲು ಬಂದಾಗ ಬೆಲೆ ಕಟ್ಟಲು ಜೊತೆಯಲ್ಲಿ ಹಳೇ ಸಾಮಾನಿನ ವ್ಯಾಪಾರಿಯೂ ಇದ್ದ. ಸದಾ ಜೇಬಿನಲ್ಲೊಂದು ಭೂತಗನ್ನಡಿ ಇರುತ್ತಿದ್ದುದರಿಂದ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಭೂತಗನ್ನಡಿ ಎಂದು. ಅವನು ಒಂದೊಂದೇ ಕುರ್ಚಿಯ ಅಡಿಗೆ ಟಾರ್ಚ್ ಹಿಡಿದು ನೋಡುತ್ತ ಬಂದು, ಆರನೆಯದರ ಬಳಿ ನಿಂತುಬಿಟ್ಟ.

"ಐದು ಸರಿ. ಇದು ಚೀನಾದ್ದಲ್ಲ."

ವಕೀಲರ ಹುಬ್ಬು ಮೇಲೇರಿತು. "ನಮ್ಮಜ್ಜನ ಕಾಲದಿಂದ ಆರೂ ಒಂದೇ ಸೆಟ್ಟು. ನಮ್ಮ ಆರನೇದು ಎಲ್ಲಮ್ಮಾ?"

"ಇದೇ ಸಾರ್. ಬಂದಾಗ್ಲೇ ಹೀಗಿತ್ತು."

"ಬಂದಾಗ್ಲೇ ಗೊತ್ತಿದ್ರೆ ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

ಡಾಕ್ಟರಮ್ಮ ತಲೆ ತಗ್ಗಿಸಿದಳು. ಕದಿಯದಿದ್ದರೂ ಕಳ್ಳಿಯ ಮುಖ ಬಂದುಬಿಟ್ಟಿತು. ವಕೀಲರು ಸ್ಟೂಲ್ ಎಳೆದು ಕೂತು ಫೋನನ್ನು ಮೊಣಕಾಲ ಮೇಲಿಟ್ಟುಕೊಂಡರು.

"ಅರ್ಧ ಗಂಟೆ ಟೈಮು. ನಮ್ಮ ಕುರ್ಚಿ ಬರ್ಬೇಕು, ಇಲ್ಲಾಂದ್ರೆ ಪೊಲೀಸ್‌ನೋರು ಬರ್ತಾರೆ."

ಮೂವತ್ತು ವರ್ಷ ಬೆವರು ಸುರಿಸಿ ಕಟ್ಟಿಕೊಂಡ ಹೆಸರು. ಅಂಗಡಿಯ ಮುಂದೆ ಒಮ್ಮೆ ಪೊಲೀಸ್ ಜೀಪು ನಿಂತರೆ ಸಾಕು, ಆಮೇಲೆ ಮುರುಕು ಮಣೆ ಕೊಡಲೂ ಯಾರೂ ಬರುವುದಿಲ್ಲ. ನೀರು ಕುಡಿಯಲು ಒಳಕೋಣೆಗೆ ಹೋದಳು. ಮಗಳು ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು.

"ಅಮ್ಮಾ, ನಿಜ ಹೇಳು. ಹೋದ ವಾರ ನಾನು ಬಂದಾಗ ಐದೇ ಕುರ್ಚಿ ಇದ್ದಿದ್ದು."

"ಆರನೇದರ ಕಾಲಿಗೆ ಅಂಟು ಹಾಕಿದ್ನಲ್ಲೇ, ಒಣಗ್ಲಿ ಅಂತ ಅಟ್ಟದ ಮೇಲಿಟ್ಟಿದ್ದೆ."

"ಯಾರಿಗಾದ್ರೂ ಕೊಟ್ಟಿದ್ರೆ ಹೇಳ್ಬಿಡಮ್ಮ. ಇನ್ನೂ ಟೈಮಿದೆ, ಹೇಗಾದ್ರೂ ಮಾಡಿ ವಾಪಸ್ ತರೋಣ. ನಾನು ಯಾರಿಗೂ ಹೇಳಲ್ಲ."

ಡಾಕ್ಟರಮ್ಮ ಮಗಳ ಮುಖವನ್ನೇ ನೋಡಿದಳು. ಲೋಟ ಕೆಳಗಿಟ್ಟು ಹೊರಗೆ ಬಂದಳು. ಪೊಲೀಸರ ಭಯ ಈಗ ಅವಳಿಗೆ ನೆನಪೇ ಇರಲಿಲ್ಲ.

ಆರನೇ ಕುರ್ಚಿಯ ಬಳಿ ಹೋಗಿ ಅದರ ಬಲಗೈ ಹಿಡಿದುಕೊಂಡಳು. ಬೆರಳಿಗೆ ಮರದ ತೇಪೆ ತಾಗಿತು. ಹೆಬ್ಬೆರಳಗಲದ್ದು, ಸ್ವಲ್ಪ ಓರೆಯಾಗಿ ಕೂರಿಸಿದ್ದು. ಆರೂ ಕುರ್ಚಿಗಳ ಬಲಗೈಯಲ್ಲಿ ಅದಿತ್ತು. ಮೂರು ವಾರ ಅದನ್ನು ಅಲಂಕಾರ ಎಂದೇ ತಿಳಿದಿದ್ದಳು. ಅಲಂಕಾರವಾದರೆ ಓರೆ ಯಾಕೆ? ಒಂದೇ ಕೈಗೆ ಯಾಕೆ? ಬಗ್ಗಿ ಕೈಯ ಅಡಿಭಾಗ ನೋಡಿದಳು. ಕೂದಲೆಳೆಯಷ್ಟು ಬಿರುಕು, ಅದೇ ಓರೆಯಲ್ಲಿ. ಮಿಕ್ಕ ಐದರ ಅಡಿಗೂ ನೋಡಿದಳು. ಬಿರುಕಿಲ್ಲ, ಏನಿಲ್ಲ, ಮರ ಗಟ್ಟಿಮುಟ್ಟಾಗಿದೆ.

"ಅಯ್ಯೋ ನನ್ನ ಬುದ್ಧಿಗಿಷ್ಟು! ಸಾರ್, ಇದು ಹೊರಗಿನದಲ್ಲ. ಆ ಐದಕ್ಕೂ ಇದೇ ತಾಯಿ."

"ಏನಮ್ಮಾ ಹಾಗಂದ್ರೆ?"

"ಇದನ್ನ ಮಾದರಿ ಅಂತ ಚೀನಾಕ್ಕೆ ಕಳಿಸಿದಾರೆ. ಕಳಿಸುವಾಗ್ಲೇ ಇದರ ಕೈ ಮುರಿದು ತೇಪೆ ಬಿದ್ದಿತ್ತು. ಹೀಗೇ ಮಾಡು ಅಂದ್ರೆ ಅವರು ಹೀಗೇ ಮಾಡಿದಾರೆ. ತೇಪೆ ಸಮೇತ!"

ಭೂತಗನ್ನಡಿ ಬಾಯಿ ತೆರೆದು ನಿಂತ. ವಕೀಲರು ಬಗ್ಗಲಿಲ್ಲ. "ಕಥೆ ಚೆನ್ನಾಗಿದೆ. ಐದಕ್ಕೆ ತೇಪೆ ಇದೆ ಅಂತ ನೋಡಿ, ಈ ಆರನೇದಕ್ಕೆ ಹೋದ ವಾರ ನೀವೇ ಹಾಕಿಲ್ಲ ಅಂತ ಏನು ಗ್ಯಾರಂಟಿ?"

"ತೆಗೆದು ತೋರಿಸ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟಳು. ನಡುವೆ ಯಾರಾದರೂ ಆ ತೇಪೆ ಕಿತ್ತು ಈಗಿನ ಅಂಟು ಹಾಕಿ ಕೂರಿಸಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯಿತು. ಹಳೇ ಕಾಲದ ಚರ್ಮದ ಅಂಟು ಹಬೆಗೆ ಬಿಡುತ್ತದೆ, ಈಗಿನದು ಬಿಡುವುದಿಲ್ಲ. ಒದ್ದೆ ಬಟ್ಟೆ ಮಡಿಚಿ ತೇಪೆಯ ಮೇಲಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದಳು. ಹಬೆ ಎದ್ದಿತು. ತೆಳು ಉಳಿಯ ತುದಿ ಕೊಟ್ಟು ನೋಡಿದಳು, ಅಲುಗಲಿಲ್ಲ. ಮತ್ತೆ ಬಟ್ಟೆ, ಮತ್ತೆ ಇಸ್ತ್ರಿ. ಆಗಲೂ ಇಲ್ಲ. ಹೊಸ ಅಂಟೇ ಇರಬೇಕು, ಕೆಟ್ಟೆ ಎಂದುಕೊಂಡಳು. ವಕೀಲರು ಗಡಿಯಾರ ನೋಡಿ ಫೋನ್ ಕೈಗೆತ್ತಿಕೊಂಡರು.

ಮೂರನೇ ಸಲ ಹಬೆಯ ಜೊತೆ ಒಂದು ಕಮಟು ವಾಸನೆ ಬಂತು, ಚರ್ಮ ಕಾಯಿಸಿದ ವಾಸನೆ. ಹಳೇ ಕಾಲದ ಅಂಟು! ಉಳಿ ಒಳಗಿಳಿಯಿತು. ತೇಪೆ ಸದ್ದಿಲ್ಲದೆ ಅವಳ ಅಂಗೈಗೆ ಬಂತು.

ಅಡಿಯಲ್ಲಿ ಓರೆ ಬಿರುಕು, ಬಿರುಕಿನ ತುಂಬ ಕಪ್ಪುಗಟ್ಟಿದ ಅಂಟು, ನಡುವೆ ಕೈಯಲ್ಲಿ ಬಡಿದು ಮಾಡಿದ ಕಬ್ಬಿಣದ ಮೊಳೆ. ಮೊಳೆಯ ತುಕ್ಕು ಸುತ್ತಲ ಮರಕ್ಕೆ ಬೆರಳಗಲ ಇಳಿದಿತ್ತು. ಭೂತಗನ್ನಡಿ ತನ್ನ ಗಾಜು ಹಿಡಿದು ಬಹಳ ಹೊತ್ತು ನೋಡಿದ.

"ವಕೀಲ್ರೇ, ಈ ತುಕ್ಕು ಮರಕ್ಕೆ ಇಷ್ಟು ಇಳಿಯೋಕೆ ನಮ್ಮ ನಿಮ್ಮ ಆಯಸ್ಸು ಸಾಲಲ್ಲ. ಅಮ್ಮ ಹೇಳ್ತಿರೋದೇ ಸರಿ. ತಾಯಿ ಮಕ್ಕಳು ಹೀಗೆ ಒಟ್ಟಿಗೆ ಸಿಕ್ಕಿದ್ದನ್ನ ನಾನಂತೂ ನೋಡಿಲ್ಲ."

"ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತಲ್ಲ!" ವಕೀಲರು ಫೋನ್ ಜೇಬಿಗಿಟ್ಟುಕೊಂಡು ನಕ್ಕರು. "ಮೊದ್ಲೇ ಹೇಳ್ಬಾರ್ದಿತ್ತಾ ಅಮ್ಮಾ, ಸುಮ್ನೆ ಎಲ್ರಿಗೂ ತಲೆಬಿಸಿ."

ಕ್ಷಮೆ ಎನ್ನುವುದು ಎರಡೇ ಅಕ್ಷರ. ಕಾನೂನು ಪುಸ್ತಕಗಳನ್ನೆಲ್ಲ ಅರೆದು ಕುಡಿದ ಮನುಷ್ಯನಿಗೆ ಅಷ್ಟು ಬಾಯಿಗೆ ಬರಲಿಲ್ಲ ನೋಡಿ. ತೇಪೆ ಮತ್ತೆ ಕೂರಿಸಿಟ್ಟಿರಲು ಹೇಳಿ, ನಾಳೆ ವ್ಯಾನ್ ಕಳಿಸುತ್ತೇನೆಂದು ಇಬ್ಬರೂ ಹೊರಟುಹೋದರು.

ಮಗಳು ಬಂದು ಪಕ್ಕದಲ್ಲಿ ನಿಂತಳು. ಅವಳ ಕಣ್ಣು ತುಂಬಿತ್ತು.

"ಗೆದ್ದುಬಿಟ್ಟೆಯಲ್ಲಮ್ಮ! ಎಷ್ಟು ಹೆದರಿದ್ದೆ ಗೊತ್ತಾ ನಾನು. ಒಳಗೆ ಹಾಗೆ ಕೇಳಿದ್ದಕ್ಕೆ ಬೇಜಾರ್ ಮಾಡ್ಕೊಂಡ್ಯಾ?"

ಡಾಕ್ಟರಮ್ಮ ಅಂಗೈಯಲ್ಲಿದ್ದ ತೇಪೆಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು.

"ಅವರು ನಂಬ್ಲಿಲ್ಲ, ಕುರ್ಚಿ ಬಿಚ್ಚಿ ತೋರಿಸಿದೆ" ಎಂದಳು. "ನಿನಗೆ ಏನನ್ನ ಬಿಚ್ಚಿ ತೋರಿಸ್ಲಿ, ಮಗಳೇ?"