ಸ್ಟೆಪ್ನಿ ಗಾಳಿಗೆ ತಿರುಗಿದ ಎಂಜಿನ್

1971ರಲ್ಲಿ, ಹತ್ತನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಅದರಿಂದ ತರೀಕೆರೆಯ ಶಾಲೆ ಮುಚ್ಚಿಹೋಗಲಿಲ್ಲ. ಶಾಲೆಯ ನೆನಪಾಗಿ ನನಗೂ ಊಟ ಸೇರದೆ ಹೋಗಲಿಲ್ಲ. ಮರುವಾರವೇ ಅಲ್ಲಿನ ಲೇತ್ ಅಂಗಡಿಯಲ್ಲಿ ಕಬ್ಬಿಣದ ಸಿಪ್ಪೆ ಗುಡಿಸಲು ನಿಂತೆ. ಹತ್ತು ವರ್ಷ ಕಳೆಯುವುದರೊಳಗೆ ಕಡೂರಿನಲ್ಲಿ ನನ್ನದೇ ವರ್ಕ್‌ಶಾಪ್ ಇತ್ತು. ಹಿರೇನಲ್ಲೂರಿನಲ್ಲಿ ಪಂಪು ಕೆಟ್ಟರೂ ದೇವನೂರಿನಲ್ಲಿ ಕೆಟ್ಟರೂ ಅದು ಗಾಡಿ ಹತ್ತಿ ನನ್ನ ಬಾಗಿಲಿಗೇ ಬರುತ್ತಿತ್ತು. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ. ಜಂಬಪಡುವಷ್ಟು ದುಡಿದಿದ್ದೇನೆ.

ಈ ಜಂಬ ನಡೆಯದ ಜಾಗ ಒಂದೇ: ಅಜ್ಜಂಪುರದ ಮಾವನ ಮನೆ. ಮಾವ ರೈಲ್ವೆಯಲ್ಲಿ ಉಗಿಬಂಡಿ ಓಡಿಸಿ ನಿವೃತ್ತರಾದವರು. ಅವರ ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕ, ತರೀಕೆರೆಯಲ್ಲಿ ಓವರ್‌ಸಿಯರ್. ಡಿಪ್ಲೊಮಾ ಮಾಡಿದವನು, ಸರ್ಕಾರಿ ಜೀಪಿನಲ್ಲಿ ಓಡಾಡುವವನು. ಅವನು ಬಂದರೆ ಕುರ್ಚಿಯ ಮೇಲೆ ಒಣಹಾಕಿದ್ದ ಬಟ್ಟೆಗಳೆಲ್ಲ ಮಾಯವಾಗಿ ಕುರ್ಚಿ ಖಾಲಿಯಾಗುತ್ತಿತ್ತು. ನಾನು ಬಂದರೆ ಬಾವಿಯ ರಾಟೆ ಕಿರುಗುಟ್ಟುತ್ತಿರುವುದು ಮನೆಯವರಿಗೆಲ್ಲ ಒಟ್ಟಿಗೇ ನೆನಪಾಗುತ್ತಿತ್ತು.

1983ರ ಸುಮಾರಿಗೆ ಮಾವನ ಹಳೆಯ ಮೇಲಧಿಕಾರಿಯೊಬ್ಬರು ಊರು ಬಿಟ್ಟು ಹೋಗುವಾಗ ಅವರಿಗೊಂದು ಪೆಟ್ಟಿಗೆ ಕೊಟ್ಟರು. ಬಿಡಿ ಭಾಗ ಜೋಡಿಸಿ ಮಾಡುವ ಪುಟ್ಟ ರೈಲು ಎಂಜಿನ್, ಇಂಗ್ಲೆಂಡಿನ ಮಾಲು. ಮುಚ್ಚಳದ ಮೇಲೆ ಹೊಗೆ ಉಗುಳುವ ಹಸಿರು ಎಂಜಿನ್ನಿನ ಚಿತ್ರ. ಒಳಗೆ ನೋಡಿದರೆ ಮೊಳದುದ್ದದ ಎರಡು ಉಕ್ಕಿನ ಪಟ್ಟಿ, ಆರು ಪುಟ್ಟ ಚಕ್ರ, ಅಚ್ಚುಗಳು, ಹಿತ್ತಾಳೆಯ ಎರಡು ಸಿಲಿಂಡರು, ಪೆನ್ನಿನ ಸ್ಪ್ರಿಂಗಿನಂಥ ಸ್ಪ್ರಿಂಗುಗಳು.

"ಹೊಗೆ ಕೊಳವೆ ಎಲ್ಲಿ?" ಎಂದರು ಮಾವ, ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟುತ್ತಾ.

"ಇದು ಬರೀ ಚಾಸಿ, ಮಾವ, ಕೆಳಗಿನ ಚೌಕಟ್ಟು. ಮೇಲಿಂದು ಬೇರೆ ಪೆಟ್ಟಿಗೇಲಿ ಬತ್ತದೆ. ಅದನ್ನ ಬೇರೆ ತರಿಸ್ಬೇಕು," ಎಂದೆ ನಾನು.

"ಅಂದ್ರೆ ಕಾಲು ಕೊಟ್ಟು ಹೊಟ್ಟೆ ಇಟ್ಕೊಂಡ್ರು ಅನ್ನು." ಮಾವ ಇಬ್ಬರು ಅಳಿಯಂದಿರ ಎದುರಿಗೇ ತೀರ್ಪು ಕೊಟ್ಟರು: "ಯಾರ ಕೈಲಿ ಚಕ್ರ ತಿರುಗ್ತದೋ ಎಂಜಿನ್ ಅವ್ರದ್ದು."

ಹೀಗೆಂದು ಪೆಟ್ಟಿಗೆಯನ್ನು ಓವರ್‌ಸಿಯರ್ ಕೈಗಿಟ್ಟರು. ನ್ಯಾಯವೆಂದರೆ ಹೀಗಿರಬೇಕು.

ಅವನು ಅದನ್ನು ತರೀಕೆರೆಗೆ ಒಯ್ದು ಷೋಕೇಸಿನಲ್ಲಿ, ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲಿನ ಪಕ್ಕ ಜೋಡಿಸಿದ. ಚಕ್ರ ಆರೂ ಸಾಲಾಗಿ, ಸಿಲಿಂಡರು ಎರಡೂ ಎದುರುಬದುರಾಗಿ. ಹೋದವರಿಗೆಲ್ಲ "ಸ್ಟಡಿ ಮಾಡ್ತಿದೀನಿ" ಎನ್ನುತ್ತಿದ್ದ. ಎರಡು ವರ್ಷ ಸ್ಟಡಿ ನಡೆಯಿತು. ಸ್ಪ್ರಿಂಗಿಗೆ ತುಕ್ಕು ಹಿಡಿದ ಮೇಲೆ ಪೆಟ್ಟಿಗೆ ನನ್ನ ವರ್ಕ್‌ಶಾಪಿಗೆ ಬಂತು. "ನಿಮ್ಮಂಥೋರ ಕೆಲಸ ಕಣ್ರೀ ಇದು, ಮೇಸ್ತ್ರಿ. ನಮ್ದೇನಿದ್ರೂ ಡಿಸೈನು," ಎಂದು ಬೇರೆ ಹೇಳಿ ಹೋದ.

ನನಗೆ ಅದು ಬೇಕಾಗಿತ್ತು. ನೀರೆತ್ತದ, ಕಾಳು ಒಡೆಯದ, ಯಾರ ಹೊಲಕ್ಕೂ ಹೋಗದ ಒಂದು ಯಂತ್ರ ನನ್ನದಾಗಿರಬೇಕು. ಇದು ನಿನ್ನದು ಎಂದು ಮಾವನೇ ಬಾಯಿಬಿಟ್ಟು ಹೇಳಬೇಕು. ಹೊರಗಿನವರಿಗೆ ಇದು ಆಟದ ಸಾಮಾನಿನ ಆಸೆಯಂತೆ ಕಂಡೀತು. ಕಾಣಲಿ.

ಜೊತೆಗಿದ್ದ ಇಂಗ್ಲಿಷ್ ಪುಸ್ತಕವನ್ನು ಪಕ್ಕಕ್ಕಿಟ್ಟು ಚಿತ್ರ ನೋಡಿಕೊಂಡು ಕೆಲಸ ಹಿಡಿದೆ. ಉಕ್ಕಿನ ಪಟ್ಟಿಗಳು ಒಂದಕ್ಕೊಂದು ಕೂದಲೆಳೆಯಷ್ಟು ಓರೆಯಾದರೂ ಅಚ್ಚು ಸಿಕ್ಕಿಹಾಕಿಕೊಳ್ಳುತ್ತದೆ. ಸಮ ನೋಡಲು ಪಕ್ಕದ ಕಟಿಂಗ್ ಷಾಪಿನ ಹಳೆಯ ಕನ್ನಡಿ ತಂದು ಮಲಗಿಸಿ, ಅದರ ಮೇಲೆ ಜೋಡಿಸಿದೆ. ಬಲಗಡೆಯ ಚಕ್ರದಲ್ಲಿ ಸಿಲಿಂಡರಿನ ಸರಳು ಸಿಕ್ಕಿಸುವ ಮೊಳೆ ಮೇಲಿದ್ದಾಗ ಎಡಗಡೆಯದು ಮುಂದಿರಬೇಕು. ಎರಡೂ ಒಂದೇ ಕಡೆಗಿದ್ದರೆ ಎಂಜಿನ್ ನಿಂತಲ್ಲೇ ಸತ್ಯಾಗ್ರಹ ಹೂಡುತ್ತದೆ. ಮೂರು ಅಚ್ಚಿಗೂ ಹಾಗೆ ಕೂರಿಸುವುದರಲ್ಲಿ ಮಳೆಗಾಲವೇ ಮುಗಿಯಿತು. ಕೊನೆಗೆ ಉಗಿಯ ಬದಲು ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಕೊಟ್ಟೆ. ಚಕ್ರಗಳು ತಿರುಗಿದವು, ಸದ್ದು ಕೂಡ ಅಸಲಿ ಎಂಜಿನ್ನಿನದೇ. ಪಂಕ್ಚರ್ ಅಂಗಡಿಯವನು "ಇದ್ರಿಂದ ಏನು ಉಪ್ಯೋಗ?" ಎಂದ. ಅವನಿಗೆ ಟೀ ಕೊಡಿಸಿ ಕಳಿಸಿದೆ.

ಆಯುಧಪೂಜೆಯ ದಿನ ಎಲ್ಲರೆದುರು ಓಡಿಸುವುದೆಂದು ಮಾವ ಗೊತ್ತುಮಾಡಿದರು. ಹಿಂದಿನ ಸಂಜೆಯೇ ಹೆಂಡತಿಯೊಂದಿಗೆ ಅಜ್ಜಂಪುರಕ್ಕೆ ಹೋಗಿ, ಚಾಸಿಯನ್ನು ಪಡಸಾಲೆಯಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಚಾಸಿ ಮದುವಣಗಿತ್ತಿಯ ಹಾಗೆ ಥಳಥಳ ಹೊಳೆಯುತ್ತಿದೆ. ಪಟ್ಟಿಗಳಿಗೆ ವಿಭೂತಿ, ಚಕ್ರಕ್ಕೊಂದರಂತೆ ಕುಂಕುಮ, ಸಿಲಿಂಡರಿಗೆ ಚೆಂಡುಹೂವು. ಚಕ್ರದ ಕೆಳಗಿಡಲು ತಂದಿದ್ದ ನಿಂಬೆಹಣ್ಣು ಚಕ್ರಕ್ಕಿಂತ ದಪ್ಪ. ಎಂಜಿನ್ ಹಣ್ಣನ್ನು ಹಿಚುಕುವ ಬದಲು ಹಣ್ಣೇ ಎಂಜಿನ್ನನ್ನು ಎತ್ತಿ ಹಿಡಿದಿತ್ತು. ಎಲ್ಲರೂ ಸುತ್ತ ಕೂತಿದ್ದರು. ಓವರ್‌ಸಿಯರ್ ಕುರ್ಚಿಯಲ್ಲಿ.

ಗಾಳಿಗೆ ಅವನ ಜೀಪಿನ ಸ್ಟೆಪ್ನಿಯೇ ಗತಿಯಾಯಿತು. ಸರ್ಕಾರ ಆ ಮನೆಗೆ ಮಾಡಿದ ಉಪಕಾರ ಅದೊಂದೇ. ಟೈರನ್ನು ಒಳಗೆ ಉರುಳಿಸಿಕೊಂಡು ಬಂದು, ರಬ್ಬರ್ ಪೈಪು ಸಿಕ್ಕಿಸಿ ಗಾಳಿ ಬಿಟ್ಟೆ. ಬುಸ್ ಎಂದಿತು. ಕುಂಕುಮ ಹಾರಿತು. ಚಕ್ರ ಅಲ್ಲಾಡಲಿಲ್ಲ.

"ಇವತ್ತು ರಜಾ ಇರ್ಬೇಕು ಬಿಡ್ರೀ, ಮಹಾನವಮಿ ಅಲ್ವಾ," ಎಂದ ಓವರ್‌ಸಿಯರ್. ಮನೆ ತುಂಬ ನಗು.

ಪಿನ್ನು ತೆಗೆದು ಅಚ್ಚಿನ ಸಂದಿ ಕೆದಕಿದೆ. ಕಂದು ಬಣ್ಣದ ನಾರೊಂದು ಈಚೆಗೆ ಬಂತು. ಮೂಸಿದೆ. ಹುಣಸೆಹಣ್ಣು!

"ಇದನ್ನ ಯಾರು ತೊಳೆದೋರು?"

"ನಾನೇ ಕಣಪ್ಪ," ಎಂದರು ಅತ್ತೆ, ನಿರ್ಮಲವಾದ ಮುಖದಲ್ಲಿ. "ಹಿತ್ತಾಳೆ ಎಲ್ಲ ಎಣ್ಣೆ ಜಿಡ್ಡು ಹಿಡ್ದಿತ್ತು. ದೇವ್ರ ಮುಂದೆ ಹಂಗೇ ಇಡಕ್ಕಾಗ್ತದಾ? ಹುಣ್ಸೆಹಣ್ಣು ಬೂದಿ ಹಾಕಿ ಚೆನ್ನಾಗಿ ಉಜ್ಜಿದೀನಿ."

"ಅತ್ತೆ, ಆ ಜಿಡ್ಡಿನ ಮೇಲೇ ಅದು ಓಡಾಡೋದು!"

"ಹಂಗಾದ್ರೆ ಒಂದ್ ಚಮಚ ತುಪ್ಪ ಹಾಕ್ಲೇನಪ್ಪಾ?"

ಮಾವ ಹೆಂಡತಿಯನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಏನಪ್ಪಾ, ನಾನು ಓಡ್ಸಿದ ಎಂಜಿನ್ನು ಬೆಂಕಿಗೂ ಹೆದರ್ತಿರ್ಲಿಲ್ಲ. ನಿಂದು ಹುಣ್ಸೆಹಣ್ಣಿಗೆ ಹೆದರ್ತದಲ್ಲೋ!"

ಪಡಸಾಲೆಯಲ್ಲಿ ಪೇಪರ್ ಹಾಸಿ ಇಡೀ ಚಾಸಿ ಬಿಚ್ಚಿದೆ. ಒಳಗಡೆ ಅಲ್ಲಲ್ಲಿ ಬೂದಿ ಮೆತ್ತಿತ್ತು. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಎಣ್ಣೆ ಬಿಟ್ಟೆ. ಊಟಕ್ಕೆ ಕರೆದರು, ಏಳಲಿಲ್ಲ. ಒಳಗೆ ಓವರ್‌ಸಿಯರ್ ಮೂರನೇ ಹೋಳಿಗೆಗೆ ತುಪ್ಪ ಕೇಳುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವರೆಲ್ಲ ಎಲೆಅಡಿಕೆಗೆ ಬರುವ ಹೊತ್ತಿಗೆ ಕೊನೆಯ ಸ್ಕ್ರೂ ತಿರುಗಿಸಿ ಮತ್ತೆ ಗಾಳಿ ಬಿಟ್ಟೆ. ಆರೂ ಚಕ್ರ ತಿರುಗಿದವು. ಸ್ಟೆಪ್ನಿ ಚಪ್ಪಟೆಯಾಗುವವರೆಗೂ ತಿರುಗುತ್ತಲೇ ಇದ್ದವು.

ಮಾವ ತಲೆ ಬಾಗಿಸಿ ಕಿವಿಗೊಟ್ಟು ಕೇಳಿದರು. ನಾನು ಆ ಒಂದು ಮಾತಿಗೆ ಕಾಯುತ್ತಿದ್ದೆ.

"ಎಡಗಡೆ ಸಿಲಿಂಡ್ರು ಸ್ವಲ್ಪ ಸೋಮಾರಿ," ಎಂದರು. ಆಮೇಲೆ ಹಿರಿಯ ಅಳಿಯನಿಗೆ, "ನಿಮ್ಮ ಷೋಕೇಸು ಖಾಲಿ ಅದೆಯಲ್ಲ, ಅಲ್ಲೇ ಇಡಿ. ಬರೋರು ಹೋಗೋರು ನೋಡ್ಲಿ."

"ಚಕ್ರ ತಿರುಗ್ಸಿದೋರ್ದು ಅಂದಿದ್ರಿ," ಎಂದೆ.

"ಅಂದಿದ್ದೆ ಕಣೋ. ಆದ್ರೆ ನಿನ್ನ ಅಂಗ್ಡೀಲಿ ಆ ಧೂಳಲ್ಲಿ ಯಾರು ನೋಡ್ತಾರೆ?"

"ನೋಡೋರು ಕಡೂರಿಗೇ ಬರ್ಲಿ, ಮಾವ." ಹೆಗಲ ಮೇಲಿನ ಟವೆಲ್ಲಿನಲ್ಲಿ ಚಾಸಿ ಸುತ್ತಿಕೊಂಡೆ. ಹೆಂಡತಿಯೂ ಚಪ್ಪಲಿ ಮೆಟ್ಟಿದಳು. ಹಬ್ಬದ ದಿನ ಅಳಿಯ ಉಣ್ಣದೆ ಎದ್ದುಹೋದ ಎಂದು ಅಜ್ಜಂಪುರದಲ್ಲಿ ಬಹಳ ಕಾಲ ಆಡಿಕೊಂಡರು. ಎದ್ದುಹೋದದ್ದು ನಿಜ. ಉಣ್ಣದೆ ಎಂಬುದು ಸುಳ್ಳು. ಬೀರೂರಿನಲ್ಲಿ ರೈಲಿಗೆ ಕಾಯುತ್ತಾ ನಾವಿಬ್ಬರೂ ಮಸಾಲೆ ದೋಸೆ ತಿಂದೆವು.

ಮಾವ ಮೂರು ತಿಂಗಳು ಬಿಗಿಯಾಗಿದ್ದರು. ಆಮೇಲೊಂದು ದಿನ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿದು, ವರ್ಕ್‌ಶಾಪಿನ ಡ್ರಮ್ಮಿನ ಮೇಲೆ ಕೂತು, "ಬಿಡು ಗಾಳಿ," ಎಂದರು. ಅಲ್ಲಿಂದಾಚೆ ಬದುಕಿರುವವರೆಗೂ ಬರುತ್ತಿದ್ದರು. ಪ್ರತಿ ಸಲವೂ ಕೇಳುವುದು, ಎಡಗಡೆಯದು ಸೋಮಾರಿ ಎನ್ನುವುದು, ಟೀ ಕುಡಿದು ಹೊರಡುವುದು. ನಿನ್ನದು ಎಂಬ ಮಾತು ಅವರ ಬಾಯಿಂದ ಕೊನೆಗೂ ಬರಲಿಲ್ಲ. ಆದರೆ ತರೀಕೆರೆಗೆ ಕಳಿಸು ಎಂದೂ ಮತ್ತೆ ಅನ್ನಲಿಲ್ಲ.

ಈಗ ನನ್ನ ಹತ್ತಿರ ಲೇತ್ ಎರಡಿವೆ, ಡ್ರಿಲ್ಲಿಂಗ್ ಮಷೀನ್ ಒಂದು, ವೆಲ್ಡಿಂಗ್ ಸೆಟ್ ಒಂದು, ಸ್ವಂತ ಕಂಪ್ರೆಸರ್ ಒಂದು, ಎಂಜಿನ್ ಚಾಸಿ ಒಂದು.