ಹುಟ್ಟುವ ಮೊದಲೇ ಹಂಚಿದ ಮರಿಗಳು

ನಮ್ಮ ನಾಯಿಗೆ ಮರಿ ಹುಟ್ಟುವುದಿರಲಿ, ಜೋಡಿ ಗೊತ್ತಾಗುವ ಮೊದಲೇ ನನ್ನ ಅತ್ತೆ ಏಳು ಮರಿಗಳನ್ನು ಹಂಚಿ ಮುಗಿಸಿದ್ದರು. ಮುಂಡಗೋಡದ ಹತ್ತಿರದ ಇಂದೂರು ಹಳ್ಳಿಯಲ್ಲಿದ್ದ ತಮ್ಮ ತಂಗಿಗೆ ಒಂದು, ನಮ್ಮ ಓಣಿಯ ಹಾಲಿನವಳಿಗೆ ಒಂದು, ಮುಂಡಗೋಡದ ಬೀಗರಿಗೆ ಎರಡು. ಉಳಿದ ಮೂರು ಯಾರಿಗೆ ಎಂದು ಕೇಳಿದರೆ, "ಕೇಳಾವ್ರು ಭಾಳ ಮಂದಿ ಅದಾರ. ನೀ ಯಾಕ ಚಿಂತಿ ಮಾಡ್ತಿ?" ಎನ್ನುತ್ತಿದ್ದರು.

ಚಿಂತೆ ಮಾಡುವುದು ನನ್ನ ಸ್ವಭಾವವೇ ಆಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದೆ. ನನ್ನ ಗಂಡ ದಿನಾಲೂ ಬಸ್ಸು ಹತ್ತಿ ದಾಂಡೇಲಿಯ ಕಟ್ಟಿಗೆ ಡಿಪೋಗೆ ಹೋಗಿ ಗುಮಾಸ್ತಿಕೆ ಮಾಡಿ ಬರುತ್ತಿದ್ದರು. ಅಲ್ಲಿನ ಸಾಹೇಬರೊಬ್ಬರ ಮನೆಯಲ್ಲಿ ಅಲ್ಸೇಶಿಯನ್ ನಾಯಿ ನಾಲ್ಕು ಮರಿ ಹಾಕಿದಾಗ, ಒಂದು ಹೆಣ್ಣು ಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ತಂದರು. ಆಮೇಲೆ ಸಾಹೇಬರಿಗೆ ವರ್ಗವಾಯಿತು, ತಾಯಿ ನಾಯಿಯೂ ಅವರ ಜೊತೆ ಹೋಯಿತು. ನಮ್ಮ ಮರಿ ಬೆಳೆದು ಮೂರೂವರೆ ವರ್ಷದ ದೊಡ್ಡ ನಾಯಿಯಾಯಿತು. ಅದನ್ನು ಹಿಡಿದುಕೊಂಡು ಪೇಟೆಯಲ್ಲಿ ಹೊರಟರೆ ಅಂಗಡಿಯವರು ಎದ್ದು ನಿಂತು ನೋಡುತ್ತಿದ್ದರು. "ಅಕ್ಕೋರ, ಕುನ್ನಿ ಹಾಕಿದ್ರ ನಮಗೊಂದು ಇರ್ಲಿರಿ" ಎಂದು ಕೇಳದವರೇ ಇಲ್ಲ. ಸುಳ್ಳು ಹೇಳುವುದೇಕೆ, ಹಾಗೆ ಕೇಳಿಸಿಕೊಳ್ಳುವುದು ನನಗೂ ಖುಷಿಯ ಸಂಗತಿಯಾಗಿತ್ತು.

ಆ ಸಲ ಅದು ಬೆದೆಗೆ ಬಂದಾಗ, ಇನ್ನು ತಡ ಮಾಡಬಾರದು ಎಂದು ಅತ್ತೆ ಹಟ ಹಿಡಿದರು. "ಹೆಣ್ಣ ಜಲ್ಮ ಅದು. ಒಮ್ಮೆನೂ ಹಡೀಲಿಲ್ಲ ಅಂದ್ರ ಹೆಂಗ?" ಎಂದರು. ಒಬ್ಬಳೇ ಮಗಳು ಸಾಕು ಎಂದು ನಿಲ್ಲಿಸಿಕೊಂಡವಳು ನಾನು. ಆ ಮಾತಿನ ಅರ್ಧ ನನ್ನ ಕಡೆಗೂ ಬಂತು ಎಂದು ಗೊತ್ತಾಯಿತು.

ದಾಂಡೇಲಿ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಒಬ್ಬ ಸಾಬರ ಹತ್ತಿರ ಅದೇ ಜಾತಿಯ ಗಂಡು ನಾಯಿ ಇತ್ತು. ಐವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ನನ್ನ ಗಂಡ ಹೇಳಿ ಕಳಿಸಿದಾಗ ಸಂಜೆ ತಾವೇ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನಮ್ಮ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ತಮ್ಮ ಕೈ ಮೂಸುವ ತನಕ ಕಾದರು.

"ಛಲೋ ಐತಿರಿ ಅಕ್ಕೋರ. ರವಿವಾರ ಕರಕೊಂಡ ಬರ್ರಿ. ಅವತ್ತ ಗಾಡಿ ಕಡಿಮಿ ಇರ್ತಾವು, ಗದ್ದಲ ಇರೂದಿಲ್ಲ. ನನಗೇನೂ ಬ್ಯಾಡ, ಒಂದ ಮರಿ ಕೊಡ್ರಿ ಸಾಕು."

ಎಂಟನೆಯ ಮರಿಯೂ ಹಂಚಿಹೋಯಿತು.

ಆ ವಾರವೆಲ್ಲ ಮನೆ ಒಂದು ನಮೂನೆ ಆಗಿತ್ತು. ನಾಯಿ ಉಣ್ಣುತ್ತಿರಲಿಲ್ಲ. ಮುಂದಿನ ಬಾಗಿಲಿಂದ ಹಿತ್ತಲ ಬಾಗಿಲಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ, ಉಗುರಿನ ಸಪ್ಪಳ ನಿಲ್ಲುತ್ತಿರಲಿಲ್ಲ. ಕಂಪೌಂಡಿನ ಹೊರಗೆ ಊರ ನಾಯಿಗಳು ಸೇರುತ್ತಿದ್ದವು. ಕಿವಿ ಹರಿದ ಒಂದು ಕೆಂಚು ನಾಯಿ ಮಾತ್ರ ಕಚ್ಚಾಡದೆ ಗೇಟಿನ ಮುಂದೆ ಇಡೀ ದಿನ ಮಲಗಿರುತ್ತಿತ್ತು. ನಾನು ಶಾಲೆಯಲ್ಲಿ ಮಕ್ಕಳಿಗೆ ಗುಂಡಿಯ ಕಾಜ ಹಾಕುವುದನ್ನು ತೋರಿಸುತ್ತ ಕೂತರೂ ಮನಸ್ಸು ನಿಲ್ಲುತ್ತಿರಲಿಲ್ಲ. ಇಂದೂರಿನ ಚಿಕ್ಕತ್ತೆಯ ಹೊಲದಲ್ಲಿ ಹಿಂದಿನ ನಾಯಿಯನ್ನು ಮೊಳದುದ್ದದ ಸರಪಳಿಯಲ್ಲಿ ಕಟ್ಟಿದ್ದು ನೆನಪಾಗುತ್ತಿತ್ತು. ಹಾಲಿನವಳ ಮನೆಯಲ್ಲಿ ಎಮ್ಮೆಗಳಿಗೇ ಜಾಗವಿರಲಿಲ್ಲ. ಎಂಟು ಮರಿ ಒಂದೊಂದು ಕಡೆ ಹೋದರೆ ಅವುಗಳಿಗೆ ಏನಾಯಿತೆಂದು ನನಗೆ ಹೇಗೆ ತಿಳಿಯಬೇಕು?

ಮಂಗಳವಾರ ಶಾಲೆ ಬಿಟ್ಟ ಮೇಲೆ ನಾಯಿಯನ್ನು ದನದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಂದು ಆಕಳನ್ನು ನೋಡಿ ಮುಗಿಸಿ, ಮೊಳಕೈ ತನಕ ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದರು.

"ಎಮ್ಮಿ ಬಗ್ಗೆ ಕೇಳ್ರಿ, ಗ್ಯಾರಂಟಿ ಹೇಳ್ತೀನಿ. ನಾಯಿದು ನನಗ ಅಷ್ಟಕ್ಕಷ್ಟರೀ" ಎಂದು ನಕ್ಕರು. ಆದರೂ ಎದೆ ನೋಡಿದರು, ಬಾಯಿ ಬಿಡಿಸಿ ಹಲ್ಲು ನೋಡಿದರು. ಹಿಂಗಾಲುಗಳನ್ನು ಹಿಂದಕ್ಕೆ ಚಾಚಿದಾಗ ನಾಯಿ ತಿರುಗಿ ಅವರ ಕೈಯನ್ನು ಮೆತ್ತಗೆ ಬಾಯಲ್ಲಿ ಹಿಡಿಯಿತು. ಅವರ ನಗು ನಿಂತಿತು.

"ಇದರ ತಾಯಿನ ನೋಡೀರೇನು?"

"ಸಣ್ಣದಿದ್ದಾಗ ನಮ್ಮವರು ನೋಡಿದ್ದರು. ಈಗ ಎಲ್ಲಿ ಐತೋ."

"ಒಡಹುಟ್ಟಿದ್ದು ಎಲ್ಲ್ಯರ ಅದಾವೇನು? ಈ ಜಾತ್ಯಾಗ ಟೊಂಕದ ಕೀಲ ಸಡಲ ಇರ್ತಾವ್ರಿ. ಮರಿ ಇದ್ದಾಗ ಗೊತ್ತಾಗೂದಿಲ್ಲ. ಬೆಳದ ಮ್ಯಾಲೆ ಕಾಲ ಎಳೀತಾವು. ಎಕ್ಸ್‌ರೇ ತಗದು ನೋಡಬೇಕಂದ್ರ ಧಾರವಾಡಕ್ಕ ಹೋಗಬೇಕು. ಅದಕ್ಕಿಂತ ಮೊದಲ, ಒಡಹುಟ್ಟಿದ್ದನ್ನ ಹೋಗಿ ನೋಡಿ ಬರ್ರಿ. ಅವು ಹೆಂಗ ನಡೀತಾವ ನೋಡಿದ್ರ ಅರ್ಧ ಗೊತ್ತಾಗ್ತೈತಿ."

ಗಂಡ ಡಿಪೋದಲ್ಲಿ ವಿಚಾರಿಸಿದರು. ನಾಲ್ಕರಲ್ಲಿ ಒಂದು ಮರಿ ಚಿಕ್ಕಂದಿನಲ್ಲೇ ಸತ್ತಿತ್ತು, ಒಂದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಮತ್ತೊಂದನ್ನು ಕುಂಬಾರವಾಡದ ಕಡೆಯ ಒಬ್ಬರು ಒಯ್ದಿದ್ದರು. ಡಿಪೋಗೆ ಬರುವ ಲಾರಿಯವನಿಗೆ ಆ ಮನೆ ಗೊತ್ತಿತ್ತು. "ರವಿವಾರದೊಳಗ ಹೋಗಿ ಬರಬೇಕು" ಎಂದೆ. "ನಾಯಿ ಸಲುವಾಗಿ ರಜಾ ಹಾಕ್ತಾರೇನು?" ಎಂದರು ಅತ್ತೆ. ಗುರುವಾರ ರಜೆ ಹಾಕಿದೆ.

ಬೆಳಗಿನ ಬಸ್ಸಿಗೆ ದಾಂಡೇಲಿ, ಅಲ್ಲಿಂದ ಜೋಯಿಡಾ ದಾಟಿ ಕುಂಬಾರವಾಡ. ಇಳಿದಾಗ ಕಂಡಕ್ಟರು, ಹೊಳ್ಳಿ ಹೋಗುವ ಬಸ್ಸು ಮೂರರ ನಂತರ ಎಂದೂ, ಅದು ತಪ್ಪಿದರೆ ನಾಳೆಯೇ ಎಂದೂ ಎರಡು ಸಲ ಹೇಳಿದ. ಗದ್ದೆಯ ಬದುವಿನ ಮೇಲೆ ಅರ್ಧ ತಾಸು ನಡೆದೆ. ಮನೆಯ ಅಂಗಳದಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದ ಹೆಂಗಸು ನನ್ನನ್ನು ಕಂಡು, "ಯೋ ಬಾಯ್, ಬೈಸ್" ಎಂದು ಕೊಂಕಣಿಯಲ್ಲಿ ಕರೆದು ಕೂರಿಸಿದಳು. ನನ್ನಷ್ಟೇ ವಯಸ್ಸಿನವಳು. ಬಂದ ಕಾರಣ ಹೇಳಿದೆ.

"ಓ, ನಿಮ್ಮದು ಇದರ ತಂಗಿಯಾ!" ಎಂದು ಹಿಗ್ಗಿದಳು.

ಜಗಲಿಯ ಮೂಲೆಯಲ್ಲಿ ನಾಯಿ ಮಲಗಿತ್ತು. ಮುಖ, ಕಿವಿ, ಹುಬ್ಬಿನ ಮೇಲಿನ ಕಂದು ಚುಕ್ಕೆ ಎಲ್ಲ ನಮ್ಮದರ ಹಾಗೇ. ನನ್ನನ್ನು ನೋಡಿ ಬಾಲ ಬಡಿಯಿತು. ಏಳಲು ಹೋಯಿತು. ಮುಂಗಾಲು ಎದ್ದು ನಿಂತವು, ಹಿಂದಿನವು ಏಳಲೇ ಇಲ್ಲ. ಹಾಗೇ ಜಗಲಿಯ ಮೇಲೆ ಎಳೆದುಕೊಂಡು ನನ್ನ ಹತ್ತಿರ ಬಂದು ಸೀರೆಯನ್ನು ಮೂಸಿತು. ಅಷ್ಟು ಹೊತ್ತು ಮೂಸಿತೆಂದರೆ, ಸೀರೆಯಲ್ಲಿದ್ದ ನಮ್ಮ ನಾಯಿಯ ವಾಸನೆ ಅದಕ್ಕೆ ಏನು ಹೇಳುತ್ತಿತ್ತೋ.

"ಎರಡು ವರ್ಷ ಆಯ್ತು ಹೀಗೆ" ಎಂದಳು ಆಕೆ. ಗೋಣಿಚೀಲವನ್ನು ಅಗಲವಾಗಿ ಮಡಚಿ ನಾಯಿಯ ಹೊಟ್ಟೆಯ ಕೆಳಗೆ ತೂರಿಸಿ, ಎರಡೂ ತುದಿಗಳನ್ನು ಮೇಲೆ ಹಿಡಿದು ಅದರ ಹಿಂಭಾಗವನ್ನು ಎತ್ತಿದಳು. ನಾಯಿ ಮುಂಗಾಲಲ್ಲಿ ನಡೆಯಿತು, ಆಕೆ ಬಗ್ಗಿ ಹಿಂದಿನಿಂದ ನಡೆದಳು. ಅಂಗಳದ ಆಚೆ ಹೋಗಿ ಬಂದರು. "ದಿನಕ್ಕೆ ನಾಲ್ಕು ಸಲ. ನನ್ನ ಗಂಡ ಕಾಡಿಗೆ ಹೋಗ್ತಾರೆ, ನಾನೇ ಮಾಡ್ಬೇಕು. ಮೊದಲು ಹಂದಿ ಓಡಿಸ್ತಿತ್ತು, ಗೊತ್ತುಂಟಾ? ನಿಮ್ಮದು ಓಡ್ತದಾ?"

"ಓಡ್ತೈತಿ" ಎಂದೆ. ಹಾಗೆ ಹೇಳಲು ನಾಚಿಕೆಯಾಯಿತು.

ಕುಚ್ಚಲಕ್ಕಿ ಗಂಜಿ ಬಡಿಸಿ ಎದುರಿಗೆ ಕೂತವಳು, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ನಿಮ್ಮದು ಮರಿ ಹಾಕಿದ್ರೆ ನಂಗೊಂದು ಕೊಡ್ತೀರಾ?"

"ಅದಕ್ಕೂ ಹಿಂಗ ಆದ್ರ?" ಎಂದೆ.

"ಆದ್ರೆ ಆಯ್ತು. ಇನ್ನೊಂದು ಗೋಣಿ" ಎಂದಳು. ತಮಾಷೆಗೆ ಹೇಳಿದಳೋ ನಿಜಕ್ಕೋ ತಿಳಿಯಲಿಲ್ಲ. ನಾನು ಎದ್ದು ಕೈ ತೊಳೆದೆ.

ಬಸ್ಸು ಬರುವ ತನಕ ರಸ್ತೆ ಬದಿಗೆ ಎರಡು ತಾಸು ನಿಂತೆ. ಕೂತರೆ ಏಳಬೇಕು ಅನಿಸುತ್ತಿತ್ತು, ನಿಂತರೆ ನಡೆಯಬೇಕು ಅನಿಸುತ್ತಿತ್ತು. ಆಕೆಗೆ ಬೇಸರವಿಲ್ಲ ಎಂಬುದು ನಿಜ. ಆದರೆ ಮರಿ ಹೋಗುವ ಅಷ್ಟೂ ಮನೆಗಳಲ್ಲಿ ಎಷ್ಟು ಮಂದಿ ದಿನಕ್ಕೆ ನಾಲ್ಕು ಸಲ ಬಗ್ಗುತ್ತಾರೆ? ದಾಂಡೇಲಿ ಮುಟ್ಟುವ ಹೊತ್ತಿಗೆ ಬೇಡ ಎಂದು ನಿಶ್ಚಯ ಮಾಡಿದ್ದೆ.

ಶುಕ್ರವಾರ ಗ್ಯಾರೇಜಿಗೆ ಹೋಗಿ ಹೇಳಿದೆ. ಸಾಬರು ಕೈ ಒರೆಸುತ್ತಿದ್ದ ಅರಿವೆಯನ್ನು ಮಡಚತೊಡಗಿದರು.

"ನಮ್ಮ ನಾಯಿದು ಏನರ ಕಡಿಮಿ ಐತಿ ಅಂತ ಯಾರರ ಹೇಳಿದ್ರೇನ್ರಿ? ಇಲ್ಲಾ, ನಮ್ಮ ಮನಿದು ಅಂತ...?"

"ಅಯ್ಯೋ, ಹಂಗಲ್ಲರಿ!" ಎಂದು ಕುಂಬಾರವಾಡದ ಜಗಲಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಗೋಣಿಚೀಲದ ಮಾತು ಬಂದಾಗ ಅವರು ಅರಿವೆಯನ್ನು ಕೆಳಗಿಟ್ಟರು. ಅವರ ಗಂಡು ನಾಯಿ ಒಂದು ಹಳೆಯ ಟಾಯರಿನ ಮೇಲೆ ಗದ್ದ ಇಟ್ಟು ಮಲಗಿತ್ತು. ಅದನ್ನೇ ನೋಡುತ್ತ ಹೇಳಿದರು:

"ಇದನ್ನ ಮೂರ ಕಡೆ ಜೋಡಿ ಮಾಡೀವಿ ಅಕ್ಕೋರ. ಮರಿ ಹೆಂಗ ಅದಾವು ಅಂತ ಒಮ್ಮೆನೂ ಹೋಗಿ ನೋಡಿಲ್ಲ ನಾನು. ಯಾರೂ ಬಂದು ಹೇಳಲೂ ಇಲ್ಲ."

ಬರುವಾಗ ಅವರ ಮುಖ ನೋಡಿ, ನನ್ನ ತಳಮಳವನ್ನು ಅವರಿಗೂ ಹಚ್ಚಿ ಬಂದೆನಲ್ಲ ಅನಿಸಿತು.

ಅತ್ತೆ ಮಾತು ಬಿಟ್ಟರು. ಊರ ತುಂಬ ಕೊಟ್ಟ ಮಾತು ಅವರದು. ನಾನು ಅದನ್ನು ಮುರಿದಿದ್ದೆ. ನನ್ನ ಗಂಡ ಪೇಪರು ಅಡ್ಡ ಹಿಡಿದು ಕೂತರು.

ರವಿವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನೀರು ತರಲು ಎರಡು ಸಲ ಹಿತ್ತಲ ಗೇಟು ತೆಗೆದು ಹೋಗಿ ಬಂದಿದ್ದೆ. ಅಗುಳಿ ಹಾಕಿದ್ದೆನೋ ಇಲ್ಲವೋ ಇವತ್ತಿಗೂ ನೆನಪಿಲ್ಲ. ಬಟ್ಟೆ ಹಿಂಡಿ ತಿರುಗಿ ನೋಡಿದರೆ ಗೇಟು ತೆರೆದಿತ್ತು, ಮನೆಯೊಳಗೆ ಉಗುರಿನ ಸಪ್ಪಳವಿರಲಿಲ್ಲ.

ಒಂದು ತಾಸು ಓಣಿ ಓಣಿ ಓಡಾಡಿದೆ. ಅಕ್ಕಿ ಗಿರಣಿಯ ಹಿಂದೆ ಜನ ಸೇರಿದ್ದರು. ನಮ್ಮ ನಾಯಿ ಮತ್ತು ಗೇಟಿನ ಮುಂದೆ ಮಲಗಿರುತ್ತಿದ್ದ ಕೆಂಚು ನಾಯಿ ಬೆನ್ನಿಗೆ ಬೆನ್ನು ಹಚ್ಚಿ ಅಂಟಿಕೊಂಡು ನಿಂತಿದ್ದವು. ಯಾರೋ ಕಲ್ಲು ಎತ್ತಿಕೊಂಡಿದ್ದರು, ಇನ್ನೊಬ್ಬರು ಕೊಡದಲ್ಲಿ ನೀರು ತಂದಿದ್ದರು. ಅವರ ಮಧ್ಯದಲ್ಲಿ, ತಲೆಗೆ ಸೆರಗು ಹೊದ್ದು, ಬಿಸಿಲಲ್ಲಿ ಕೈ ಅಗಲಿಸಿ ನಿಂತಿದ್ದವರು ನನ್ನ ಅತ್ತೆ.

"ಯಾರರ ಕಲ್ಲ ಒಗದ್ರ ನೋಡ್ರಿ ಮತ್ತ! ನೀರ ಹಾಕಬ್ಯಾಡ್ರಿ, ಎಳೀಬ್ಯಾಡ್ರಿ. ತಾವ ಬಿಡ್ತಾವು" ಎಂದು ಕೂಗುತ್ತಿದ್ದರು. ನನ್ನನ್ನು ಕಂಡು, ಎರಡು ದಿನದ ಮೌನ ಮುರಿದು, "ಬಾ, ಆ ಕಡೆ ನಿಂದ್ರು" ಎಂದರು. ನಿಂತೆ. ಬಿಡಿಸಿಕೊಳ್ಳುವ ತನಕ ಅತ್ತೆ ಸೊಸೆ ಇಬ್ಬರೂ ಕಾವಲು ಕಾದೆವು.

ಸೋಮವಾರ ಮತ್ತೆ ಡಾಕ್ಟರ ಮುಂದೆ ನಿಂತೆ. "ಗರ್ಭ ನಿಲ್ಲದಂಗ ಇಂಜೆಕ್ಷನ್ ಐತಿ" ಎಂದರು. "ಆದ್ರ ಒಮ್ಮೊಮ್ಮೆ ಗರ್ಭಕೋಶದಾಗ ಕೀವು ಆಗ್ತೈತಿ, ನಾಯಿ ಜೀವಕ್ಕ ಬರ್ತೈತಿ. ವಿಚಾರ ಮಾಡಿ ಹೇಳ್ರಿ." ಅಷ್ಟು ದಿನ ವಿಚಾರ ಮಾಡಿ ಏನಾಗಿತ್ತು? ದವಾಖಾನೆಯ ಮೆಟ್ಟಿಲ ಮೇಲೆ ನಾಯಿಯ ಜೊತೆ ಬಹಳ ಹೊತ್ತು ಕೂತೆ. ಹುಟ್ಟಬೇಕಾದವುಗಳ ಕಾಲಿಗಾಗಿ ಇದರ ಜೀವವನ್ನು ಪಣಕ್ಕಿಡಲು ಮನಸ್ಸು ಬರಲಿಲ್ಲ. ಬೇಡ ಎಂದೆ.

ಎರಡು ತಿಂಗಳಿಗೆ ನಾಲ್ಕು ಮರಿ ಹುಟ್ಟಿದವು. ಒಂದೂ ತಾಯಿಯಂತಿರಲಿಲ್ಲ, ಎಲ್ಲವೂ ಕೆಂಚು, ಕಿವಿ ಜೋತುಬಿದ್ದವು. ಮುಂಡಗೋಡದ ಬೀಗರು ನೋಡಿ, ಚಹಾ ಕುಡಿದು, ಮರಿಯ ಮಾತೆತ್ತದೆ ಎದ್ದು ಹೋದರು. ಪೇಟೆಯಲ್ಲಿ ಕೇಳಿದವರೆಲ್ಲ ಹಾಗೇ ಸರಿದರು. ಆ ಒಂದು ವಿಷಯದಲ್ಲಿ ನನ್ನ ಕೆಲಸ ಹಗುರಾಯಿತು. ಗ್ಯಾರೇಜಿನ ಸಾಬರು ಮಾತ್ರ ಬಂದು, ಮೊದಲಿನ ಹಾಗೇ ಕುಕ್ಕರಗಾಲಲ್ಲಿ ಕೂತು, ಒಂದನ್ನು ಅಂಗಿಯೊಳಗೆ ಇಟ್ಟುಕೊಂಡು ಹೋದರು. ತಮ್ಮ ನಾಯಿಯ ಮರಿಗಳಿದ್ದ ಮೂರೂ ಮನೆಗೆ ಆ ಎರಡು ತಿಂಗಳಲ್ಲಿ ಹೋಗಿ ಬಂದಿದ್ದರಂತೆ. ಏನು ಕಂಡಿರಿ ಎಂದು ಕೇಳಿದರೆ, "ಇನ್ನ ಜೋಡಿ ಮಾಡೂದಿಲ್ಲರಿ" ಎಂದಷ್ಟೇ ಹೇಳಿದರು.

ಒಂದನ್ನು ನಾನೇ ಬುಟ್ಟಿಯಲ್ಲಿಟ್ಟುಕೊಂಡು ಕುಂಬಾರವಾಡಕ್ಕೆ ಮುಟ್ಟಿಸಿದೆ. ಒಂದು ಮನೆಯಲ್ಲಿ ಉಳಿಯಿತು. ನಾಲ್ಕನೆಯದನ್ನು ಇಂದೂರಿನ ಚಿಕ್ಕತ್ತೆ, ಕೆಂಚಾದರೇನು ಎಂದು ಕೇಳಿದಾಗ, ಸರಪಳಿಯಲ್ಲಿ ಕಟ್ಟಬಾರದು ಎಂದು ಮಾತು ತೆಗೆದುಕೊಂಡು ಕೊಟ್ಟೆ. ಆಮೇಲೆ ನಮ್ಮ ನಾಯಿಯನ್ನು ಧಾರವಾಡಕ್ಕೆ ಒಯ್ದು, ಇನ್ನು ಮರಿ ಆಗದ ಹಾಗೆ ಆಪರೇಶನ್ ಮಾಡಿಸಿಕೊಂಡು ಬಂದೆವು. ಆ ಸಲ ನನ್ನ ಜೊತೆ ಬಸ್ಸು ಹತ್ತಿದವರು ಅತ್ತೆಯೇ. ದಾರಿಯುದ್ದಕ್ಕೂ ನಾಯಿಯ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು.

ಎರಡೂವರೆ ವರ್ಷದ ನಂತರ ಒಂದು ಚಳಿಗಾಲ ಇಂದೂರಿಗೆ ಹೋದಾಗ ನಾವು ಕೊಟ್ಟ ಕೆಂಚು ನಾಯಿ ಹಿಂಗಾಲು ಎಳೆಯುತ್ತಿತ್ತು.

"ಮುಳ್ಳ ನಟ್ಟೈತಿ" ಎಂದರು ಚಿಕ್ಕತ್ತೆ, ತೀರಾ ಬೇಗನೆ.

"ಎಂದಿನಿಂದ ಹಿಂಗ ನಡೀತೈತಿ, ಖರೇ ಹೇಳ್ರಿ."

"ನಿನಗ ಹೇಳಿದ್ರ ನಿದ್ದಿ ಕೆಡಿಸ್ಕೊಂತಿ ಅಂತ ಹೇಳಲಿಲ್ಲವಾ. ಮುಂಜಾನೆ ಅಷ್ಟ. ಬಿಸಲ ಏರಿದ ಮ್ಯಾಲೆ ಓಡ್ತೈತಿ."

ಹೊಲದ ಬದುವಿನ ಮೇಲೆ ಅದನ್ನು ಆ ತುದಿಗೆ ಕರೆದೆ, ಈ ತುದಿಗೆ ಕರೆದೆ. ಪಾದ ಎತ್ತಿ ಮುಳ್ಳು ಹುಡುಕಿದೆ. ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ನಿಜವಾಗಿಯೂ ಬೆಳ್ಳಕ್ಕಿಗಳ ಹಿಂದೆ ಗದ್ದೆಯುದ್ದಕ್ಕೂ ಓಡಿತು. ನಾನು ಸಂಜೆಯ ಬಸ್ಸು ಬಿಟ್ಟು, ಬೆಳಿಗ್ಗೆ ಅದು ಹೇಗೆ ಏಳುತ್ತದೆಂದು ನೋಡಲು ಅಲ್ಲೇ ಉಳಿದೆ.