ಇಸ್ತ್ರಿಯವನ ಒಳಜೇಬು

ವಿಹಾರದ ಹಡಗಿನಿಂದ ಇಳಿಯುವ ದಿನ ಪ್ರಯಾಣಿಕರಿಗೆ ಬಿಸಿ ಕಾಫಿ, ನಗುಮುಖ, ಬ್ಯಾಗು ಹೊರಲು ಆಳು, ಕೆಳಗಿಳಿದರೆ ತಂಪಾದ ಬಸ್ಸು. ಅಂಥವರ ಅಂಗಿಗಳನ್ನು ಒಂಬತ್ತು ತಿಂಗಳು ಒಗೆದು ಇಸ್ತ್ರಿ ಹಾಕಿದವನಿಗೆ ಒಂದು ಕಂದು ಲಕೋಟೆ.

ಲಕೋಟೆಯೊಳಗೆ ಅವನದೇ ಪಾಸ್‌ಪೋರ್ಟು. ಹಡಗು ಹತ್ತಿದ ದಿನ ಕಚೇರಿಯವರು ಇಸಿದುಕೊಂಡು ಬೀರುವಿನಲ್ಲಿಟ್ಟದ್ದು, ಇವತ್ತೇ ಬೆಳಕು ಕಂಡದ್ದು. ಕೇಳಿದರೆ ಸುರಕ್ಷತೆಗಾಗಿ ಅನ್ನುತ್ತಾರೆ. ಮನುಷ್ಯನ ಎರಡೂ ಕಾಲು ಬಿಚ್ಚಿ ಬೀರುವಿನಲ್ಲಿಟ್ಟು, ಪಾಪ ಎಡವಿ ಬೀಳದಿರಲಿ ಅಂತ ಹೀಗೆ ಮಾಡಿದೆವು ಅಂದ ಹಾಗಾಯಿತು.

ಅವನನ್ನು ಹಡಗಿನಲ್ಲಿ ಎಲ್ಲರೂ ಇಸ್ತ್ರಿ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಅವನು ಹಾಸಿಗೆ ಬಿಟ್ಟುಕೊಡುವ ಹೊತ್ತಿಗೆ ಅದರ ಮುಂದಿನ ಒಡೆಯ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಿದ್ದ. "ನಡುವೆ ಗುಳಿ ಬಿದ್ದಿದೆ, ಎಡಕ್ಕೆ ಮಲಗು" ಅಂದ ಇಸ್ತ್ರಿ. ಒಂಬತ್ತು ತಿಂಗಳ ಬೀಳ್ಕೊಡುಗೆ ಅಷ್ಟರಲ್ಲಿ ಮುಗಿಯಿತು.

ಕಂಪನಿಯ ಏಜೆಂಟು ಕೆಲಸ ಮುಗಿಸಿ ಇಳಿದ ಹನ್ನೊಂದು ಜನರನ್ನು ಬಂದರಿನ ಗೇಟಿನ ಹೊರಗೆ ಸಾಲಾಗಿ ನಿಲ್ಲಿಸಿ ಪಟ್ಟಿ ಓದಿದ.

"ವಿಮಾನ ಸಂಜೆ ಏಳಕ್ಕೆ. ವ್ಯಾನು ಮೂರೂವರೆಗೆ ಇದೇ ಗೇಟಿಗೆ ಬರುತ್ತೆ. ಮೂರೂವರೆ ಅಂದ್ರೆ ಮೂರೂವರೆ. ಒಬ್ಬನಿಗೋಸ್ಕರ ಹತ್ತು ಜನರನ್ನ ನಿಲ್ಸಲ್ಲ."

"ಅಲ್ಲೀವರೆಗೆ ನಾವೆಲ್ಲಿರೋದು ಸಾರ್?"

"ಊರಿದೆಯಲ್ಲಪ್ಪಾ, ನೋಡ್ಕೊಂಡು ಬನ್ನಿ. ಜನ ದುಡ್ಡು ಕೊಟ್ಟು ನೋಡೋಕೆ ಬರ್ತಾರೆ."

ಕಂಪನಿಗೆ ಹಾಸಿಗೆ ಎಂಟಕ್ಕೇ ಬೇಕು. ಟಿಕೆಟ್ಟು ಮಾತ್ರ ಸಂಜೆಯದೇ ಅಗ್ಗ. ಎರಡರ ನಡುವೆ ಬಿದ್ದ ಮನುಷ್ಯ ಎಲ್ಲಿ ಕೂರಬೇಕು, ಎಲ್ಲಿ ಕೈಕಾಲು ತೊಳೆಯಬೇಕು ಅಂತ ಯೋಚಿಸುವ ಕೆಲಸ ಯಾರದೂ ಅಲ್ಲ. ಕೂರಲು ಜಾಗವಿಲ್ಲದವನಿಗೆ ಊರು ತೋರಿಸುವುದು ದೊಡ್ಡವರ ಹಳೆಯ ಔದಾರ್ಯ.

ಇಸ್ತ್ರಿಗೆ ಈ ವಿಮಾನ ತಪ್ಪುವಂತಿರಲಿಲ್ಲ. ನಾಳೆ ಮಧ್ಯಾಹ್ನ ಎರಡಕ್ಕೆ ಅಕ್ಕನ ಕಣ್ಣಿನ ಆಪರೇಷನ್.

ಹೆತ್ತವರು ಒಬ್ಬರ ಹಿಂದೊಬ್ಬರು ಹೋದಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೇಳು. ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಸಾಕಿದಳು. ಅವಳು ಹೊಲಿದ ಅಂಗಿಗಳಿಗೆ ಅವನು ಸ್ಟೂಲು ಹತ್ತಿ ನಿಂತು ಇಸ್ತ್ರಿ ಹಾಕುತ್ತಿದ್ದ; ವಿದ್ಯೆ ಹಾಗೆ ಬಂದದ್ದು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಬಲಗಣ್ಣು ಹೋಯಿತು ಅಂತ ಅಕ್ಕನ ವಾದ. ಡಾಕ್ಟರು ಬೇರೇನೋ ಹೆಸರು ಹೇಳುತ್ತಾರೆ. ಈಗ ಎಡಗಣ್ಣಿನ ಸರದಿ. ಮನೆಯವರೊಬ್ಬರು ಬಂದು ಸಹಿ ಹಾಕದೆ ಆಸ್ಪತ್ರೆಯವರು ಮುಟ್ಟುವುದಿಲ್ಲ, ಮನೆಯವರು ಅಂದರೆ ಇವನೊಬ್ಬನೇ. ಹಿಂದೆ ಎರಡು ಸಲ ದಿನ ಗೊತ್ತಾಗಿತ್ತು. ಎರಡು ಸಲವೂ ಬದಲಿ ಆಳು ಬಂದಿಲ್ಲ ಅಂತ ಹಡಗಿನವರು ಇವನನ್ನು ಬಿಡಲಿಲ್ಲ. ಈ ಸಲವೂ ತಪ್ಪಿದರೆ ಇನ್ನು ಆರು ತಿಂಗಳು ಅಂದಿದ್ದರು ಡಾಕ್ಟರು. ಆ ಕಣ್ಣು ಆರು ತಿಂಗಳು ಕಾಯುವುದಿಲ್ಲ ಅಂದವರೂ ಅವರೇ.

ಬ್ಯಾಗುಗಳನ್ನು ಗೇಟಿನ ಶೆಡ್ಡಿನಲ್ಲಿಟ್ಟು ಇಸ್ತ್ರಿ ಊರೊಳಗೆ ಹೊರಟ. ಜೊತೆಗೆ ಗೆಳೆಯ ಈರುಳ್ಳಿ. ಇವನು ಹಡಗಿನ ಅಡುಗೆಮನೆಯಲ್ಲಿ ಒಂಬತ್ತು ತಿಂಗಳು ಈರುಳ್ಳಿ ಹೆಚ್ಚಿದವನು. ಅವನ ಕಣ್ಣಲ್ಲಿ ನೀರು ಕಂಡರೆ ಏನಾಯಿತು ಅಂತ ಯಾರೂ ಕೇಳುತ್ತಿರಲಿಲ್ಲ, ಅದು ಅವನಿಗೆ ಎಷ್ಟೋ ಸಲ ಅನುಕೂಲವೇ ಆಗಿತ್ತು.

ಮೆಟ್ಟಿಲು ತೊಳೆಯುವ ಹೆಂಗಸು, ಬೀಗದ ಕೈ ಅರೆಯುವವನು, ಬಾಗಿಲು ಅರ್ಧ ಎತ್ತಿದ ಔಷಧಿ ಅಂಗಡಿ. ನೆಲ ಇನ್ನೂ ತೂಗುತ್ತಿದೆ ಅನ್ನಿಸಿ ಇಬ್ಬರೂ ಕುಡಿದವರ ಹಾಗೆ ಕಾಲು ಅಗಲಿಸಿ ನಡೆಯುತ್ತಿದ್ದರು.

"ಆ ಕೋಟು ತೆಗಿಯೋ ಮಾರಾಯ" ಅಂದ ಈರುಳ್ಳಿ. "ಸತ್ತ ಮೀನೊಂದು ನಮ್ಮ ಜೊತೇಲಿ ವಾಕಿಂಗ್ ಬಂದಿದೆ ಅನ್ನಿಸ್ತಿದೆ."

ಅದು ನಿಜವೇ. ನೀರಿನ ಮಟ್ಟಕ್ಕಿಂತ ಕೆಳಗಿನ ಕೋಣೆಯ ಕಪಾಟಿನಲ್ಲಿ ಅಷ್ಟು ತಿಂಗಳು ನೇತಾಡಿ ಕೋಟು ಬೂಷ್ಟು, ಡೀಸೆಲ್ಲು ಎರಡನ್ನೂ ಕುಡಿದಿತ್ತು. ಕೆಲಸದ ಬಟ್ಟೆಗಳ ನಡುವೆ ಸ್ವಂತ ಕೋಟು ಸೇರಿಸಿದರೆ ಮೇಲಿನವನು ಬೈಯುತ್ತಿದ್ದ.

"ಅಕ್ಕನ ಕಣ್ಣು ಕೈಕೊಟ್ಟಿದೆ, ಮೂಗು ಮಾತ್ರ ಇನ್ನೂ ಪೊಲೀಸಂದು" ಅಂದ ಇಸ್ತ್ರಿ. "ಹೀಗೇ ಹೋದ್ರೆ ಬಾಗಿಲೊಳಗೆ ಬಿಡಲ್ಲ."

ಮುಂದಿನ ತಿರುವಿನಲ್ಲೇ ಒಂದು ಸಣ್ಣ ಲಾಂಡ್ರಿ. ಒಳಗೆ ತೋಳು ಮಡಚಿದ ದಪ್ಪನೆಯ ಹೆಂಗಸೊಬ್ಬಳು ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ನಡುವಿನಿಂದ ತುದಿಗೆ. ಇಸ್ತ್ರಿಗೆ ತಡೆಯಲಾಗಲಿಲ್ಲ.

"ಕಾಲರು ತುದಿಯಿಂದ ನಡುವಿಗೆ ಬರ್ಬೇಕಮ್ಮಾ. ಇಲ್ದಿದ್ರೆ ತುದೀಲಿ ಸುಕ್ಕು ಕೂರುತ್ತೆ."

ಅಂಗಡಿಯಮ್ಮ ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಬಟ್ಟೆ ಕೊಡೋಕೆ ಬಂದ್ಯೋ, ಪಾಠ ಹೇಳೋಕೆ ಬಂದ್ಯೋ?"

"ಬಟ್ಟೆ ಕೊಡೋಕೆ."

"ಹಾಗಾದ್ರೆ ಕೌಂಟರಿಂದ ಆಚೆ ನಿಂತ್ಕೊ. ಏನದು, ಕೋಟಾ? ಥೂ, ಸಮುದ್ರಾನೇ ತಂದಿದ್ದೀಯಲ್ಲೋ. ಹನ್ನೆರಡೂವರೆಗೆ ಬಾ. ಒಂದಕ್ಕೆ ಮುಚ್ತೀನಿ, ಆಮೇಲೆ ನಾಲ್ಕಕ್ಕೇ ತೆಗೆಯೋದು. ಫೋನ್ ನಂಬರ್ ಬರಿ."

"ಯಾಕಮ್ಮಾ, ಇಲ್ಲೇ ಇರ್ತೀವಿ, ಬರ್ತೀವಿ" ಅಂದು ಕೋಟು ಕಳಚಿ ಕೊಟ್ಟು ಹೊರಟೇಬಿಟ್ಟ.

ಹಡಗಿನ ಲಾಂಡ್ರಿಯಲ್ಲಿ ಒಂದು ಕ್ರಮವಿತ್ತು. ಬಟ್ಟೆ ಕೊಡುವವನು ಜೇಬು ನೋಡುವುದಿಲ್ಲ. ಇಸಿದುಕೊಂಡವನು ನೋಡಬೇಕು, ಸಿಕ್ಕಿದ್ದನ್ನು ನಂಬರು ಹಾಕಿದ ಚೀಲಕ್ಕೆ ಹಾಕಬೇಕು. ಉಂಗುರ, ಅರ್ಧ ತಿಂದ ಬಿಸ್ಕತ್ತು, ಒಂದು ಸಲವಂತೂ ಪೂರ್ತಿ ಹಲ್ಲಿನ ಸೆಟ್ಟು, ಎಷ್ಟು ಜೇಬುಗಳಿಂದ ಏನೇನನ್ನು ಆ ಕೈ ತೆಗೆದಿತ್ತೋ! ಆ ಕೈ ಇವತ್ತು ತನ್ನ ಜೇಬನ್ನು ಮುಟ್ಟಿ ನೋಡಲಿಲ್ಲ. ಕೌಂಟರಿನ ಆಚೆ ನಿಂತಿದ್ದೇ ತಡ, ಗಿರಾಕಿಯ ಬುದ್ಧಿ ಬಂದುಬಿಟ್ಟಿತ್ತು. ಪಾಸ್‌ಪೋರ್ಟು ಅವನ ಮೈಮೇಲೆ ಬಂದು ಇನ್ನೂ ಎರಡು ತಾಸಾಗಿರಲಿಲ್ಲ, ಅದರ ಭಾರ ಎದೆಗೆ ರೂಢಿಯಾಗಿರಲಿಲ್ಲ. ಹೀಗಾಗಿ ಕೋಟಿನ ಒಳಜೇಬಿನಲ್ಲೇ ಅದೂ ಲಾಂಡ್ರಿಗೆ ಹೋಯಿತು.

ಗೆಳೆಯರಿಬ್ಬರೂ ಬ್ರೆಡ್ಡು, ಹಣ್ಣು ಕೊಂಡು, ದಿಣ್ಣೆಯ ಮೇಲಿನ ಪಾರ್ಕಿನಲ್ಲಿ ಬೆಂಚು ಹಿಡಿದರು. ಅಲ್ಲಿಂದ ಹಡಗು ಬೆಳ್ಳಗೆ ಕಾಣುತ್ತಿತ್ತು. ಹೊಸ ಪ್ರಯಾಣಿಕರು ಆಗಲೇ ಹತ್ತುತ್ತಿದ್ದರು.

"ಅಷ್ಟೂ ಜನರ ಅಂಗಿ" ಅಂದ ಇಸ್ತ್ರಿ.

"ಅಷ್ಟೂ ಜನರ ಸೂಪು" ಅಂದ ಈರುಳ್ಳಿ.

ನಮ್ಮದಲ್ಲವಲ್ಲ ಅನ್ನುವ ಸುಖಕ್ಕೆ ಇಬ್ಬರೂ ನಕ್ಕರು. ಎಂಜಿನ್ನಿನ ಗುಂಯ್‌ಗುಟ್ಟುವಿಕೆ ಇಲ್ಲದ ಗಾಳಿ, ಮೈಮೇಲೆ ಬಿಸಿಲು. ಹಣ್ಣಿನ ಸಿಪ್ಪೆ ಕೈಯಲ್ಲಿದ್ದ ಹಾಗೇ ಇಸ್ತ್ರಿಗೆ ನಿದ್ದೆ ಹತ್ತಿತು. ಕಾವಲಿಗೆ ಕೂತ ಈರುಳ್ಳಿ ಅವನಿಗಿಂತ ಮೊದಲೇ ಗೊರಕೆ ಹೊಡೆದಿದ್ದ.

ಎಬ್ಬಿಸಿದ್ದು ಫೋನು. ಆಗಲೇ ಒಂದೂಕಾಲು. ಆ ಕಡೆ ಅಕ್ಕ.

"ಎಲ್ಲಿದ್ದೀಯೋ?"

"ಪಾರ್ಕಲ್ಲಿ ಅಕ್ಕಾ, ಬೆಂಚಿನ ಮೇಲೆ."

"ಆಹಾ, ಮಹಾರಾಜರು! ಇಲ್ಲಿ ನಾನು ನಿನ್ನೆಯಿಂದ ಬ್ಯಾಗು ಕಟ್ಕೊಂಡು ಕೂತಿದ್ದೀನಿ. ಪಾಸ್‌ಪೋರ್ಟು ಕೈಗೆ ಕೊಟ್ರಾ?"

"ಬೆಳಿಗ್ಗೇನೇ ಕೊಟ್ರು."

"ಎಲ್ಲಿಟ್ಟಿದ್ದೀಯ?"

ಇಸ್ತ್ರಿಯ ಕೈ ಎದೆಗೆ ಹೋಯಿತು. ತೆಳ್ಳನೆಯ ಅಂಗಿ, ಅದರ ಕೆಳಗೆ ಡಬಡಬ ಹೊಡೆದುಕೊಳ್ಳುವ ಎದೆ. ನಡುವೆ ಏನೂ ಇರಲಿಲ್ಲ.

"ಏನೋ, ಬಾಯಿಗೆ ಬೀಗ ಬಿತ್ತಾ?"

"ಒಳಜೇಬಲ್ಲಿದೆ ಅಕ್ಕಾ."

ಪೂರ್ತಿ ಸುಳ್ಳಲ್ಲ. ಒಳಜೇಬಲ್ಲೇ ಇತ್ತು, ಕೋಟು ಬೇರೆಯವರ ಹತ್ತಿರವಿತ್ತು. ಆದರೂ ಅಕ್ಕನಿಗೆ ಹಾಗೆ ಹೇಳಿದ ನಾಲಿಗೆ ಕಹಿಯಾಯಿತು.

ಇಬ್ಬರೂ ದಿಣ್ಣೆ ಇಳಿದು ಓಡಿದರು. ಲಾಂಡ್ರಿಯ ಶಟರು ನೆಲಕ್ಕೆ ಮುಟ್ಟಿತ್ತು. ಬಡಿದರು, ಕೂಗಿದರು, ಎದುರಿನ ಮಹಡಿಯಿಂದ ಯಾರೋ ಕಿಟಕಿ ಮುಚ್ಚಿಕೊಂಡರು. ಈರುಳ್ಳಿ ಏಜೆಂಟಿಗೆ ಫೋನು ಹಚ್ಚಿದ.

"ಸಾರ್, ನಾಲ್ಕಕ್ಕೆ ಅಂಗಡಿ ತೆಗೀತಾರೆ. ವ್ಯಾನು ಒಂದರ್ಧ ಗಂಟೆ ನಿಲ್ಸಿ ಸಾರ್."

"ನಿಮ್ಮ ಕೈಗೆ ಕೊಟ್ಟು ಸಹಿ ತಗೊಂಡಾಗಿದೆ. ಇನ್ನು ನಿಮ್ಮ ಜವಾಬ್ದಾರಿ" ಅಂದು ಏಜೆಂಟು ಇಟ್ಟುಬಿಟ್ಟ.

ನೋಡಿ ನ್ಯಾಯ! ಒಂಬತ್ತು ತಿಂಗಳು ಒಂದು ಪುಸ್ತಕ ಜೋಪಾನ ಮಾಡಲು ಯೋಗ್ಯತೆ ಇಲ್ಲದವನು, ಐದು ತಾಸಿನಲ್ಲಿ ಪೂರ್ತಿ ಜವಾಬ್ದಾರಿಯುತ ನಾಗರಿಕನಾಗಿಬಿಟ್ಟ.

ಇಸ್ತ್ರಿ ಶಟರಿಗೆ ಹಣೆಯಾನಿಸಿ ನಿಂತ. ಒಮ್ಮೆ ಹಡಗಿನಲ್ಲಿ ಜೇಬೊಂದನ್ನು ನೋಡದೆ ಯಂತ್ರಕ್ಕೆ ಹಾಕಿದ್ದ. ಯಾರಿಗೋ ಅವರ ತಾಯಿ ಬರೆದ ಕಾಗದಗಳು ಗಂಜಿಯಾಗಿ ಹೊರಬಂದಿದ್ದವು. ಅಕ್ಷರಗಳು ನೀಲಿ ನೀರಾಗಿ ಹರಿದುಹೋಗಿದ್ದವು. ಈಗ ಕಣ್ಣೆದುರು ಅದೇ ಗಂಜಿ, ಅದರಲ್ಲಿ ತನ್ನ ಫೋಟೋ. ಅದರ ಹಿಂದೆ ಬ್ಯಾಗು ಕಟ್ಟಿಕೊಂಡು ಕೂತ ಅಕ್ಕ.

ಆಗ ಪಕ್ಕದ ಗೋಡೆಯ ಮೇಲಿಂದ ಬಿಳಿ ಹಬೆಯ ಎಳೆಯೊಂದು ಎದ್ದಿತು. ಹಬೆಯಿದೆ ಅಂದರೆ ಬಾಯ್ಲರು ಉರಿಯುತ್ತಿದೆ. ಉರಿಯುವ ಬಾಯ್ಲರು ಬಿಟ್ಟು ಹೋಗುವ ಲಾಂಡ್ರಿಯವರನ್ನು ಅವನು ಕಂಡಿರಲಿಲ್ಲ.

"ಒಳಗೆ ಜನ ಇದ್ದಾರೆ" ಅಂದವನೇ ಗೋಡೆ ಸುತ್ತಿ ಹಿಂದಿನ ಓಣಿಗೆ ಓಡಿದ. ಮರದ ಬಾಗಿಲು ತೆರೆದೇ ಇತ್ತು. ಅಂಗಳದ ತುಂಬ ಒಣಹಾಕಿದ ಬಿಳಿ ಚಾದರಗಳು. ಅವುಗಳ ನಡುವೆ ಅಂಗಡಿಯಮ್ಮ ಬಕೆಟ್ಟು ಬೋರಲು ಹಾಕಿ ಕೂತು ಊಟ ಮಾಡುತ್ತಿದ್ದಳು.

"ಅಮ್ಮಾ… ಕೋಟು… ಯಂತ್ರಕ್ಕೆ ಹಾಕಿದ್ರಾ?"

"ಹಾಕಿ, ತೆಗೆದು, ಒಣಗ್ಸಿ, ಇಸ್ತ್ರಿನೂ ಆಯ್ತು. ನಿನ್ನ ಥರಾ ನಿದ್ದೆ ಮಾಡ್ಕೊಂಡು ಕೂತಿದ್ದೀನಾ?"

ಇಸ್ತ್ರಿ ಒದ್ದೆ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟ.

"ಏನಾಯ್ತೋ ಇವನಿಗೆ?"

"ಪಾಸ್‌ಪೋರ್ಟು ಅದರೊಳಗಿತ್ತಮ್ಮಾ" ಅಂದ ಈರುಳ್ಳಿ. "ಮೂರೂವರೆಗೆ ವ್ಯಾನು. ನಾಳೆ ಇವನ ಅಕ್ಕನ ಕಣ್ಣಿನ ಆಪರೇಷನ್, ಇವನು ಹೋಗದಿದ್ರೆ ಮಾಡಲ್ಲ." ಅವನ ಕಣ್ಣಲ್ಲಿ ನೀರು. ಹತ್ತಿರದಲ್ಲಿ ಹೆಚ್ಚುವ ಈರುಳ್ಳಿ ಒಂದೂ ಇರಲಿಲ್ಲ.

ಅಂಗಡಿಯಮ್ಮ ಅವಸರ ಮಾಡದೆ ಕೈ ತೊಳೆದು, ಒಳಗಿಂದ ಒಂದು ತಗಡಿನ ಡಬ್ಬಿ ತಂದಳು. ಅದರೊಳಗೆ ನಂಬರು ಚೀಟಿ ಅಂಟಿಸಿದ ಸಣ್ಣ ಸಣ್ಣ ಚೀಲಗಳು. ಇಸ್ತ್ರಿ ಆ ಚೀಲಗಳನ್ನು ದೇವರನ್ನು ಕಂಡ ಹಾಗೆ ನೋಡಿದ.

"ಜೇಬಲ್ಲಿ ಏನೇನಿತ್ತು ಹೇಳು."

"ಪಾಸ್‌ಪೋರ್ಟು. ಟಿಕೆಟ್ಟಿನ ಕಾಗದ."

"ಇನ್ನೊಂದಿತ್ತು."

"ಇನ್ನೊಂದಾ? ಇಲ್ಲಮ್ಮಾ…"

"ನೆನಪು ಮಾಡ್ಕೊ. ಎಲ್ಲಾ ಹೇಳ್ದೆ ಕೊಡಲ್ಲ. ನಾಳೆ ಇನ್ನೊಬ್ಬ ಬಂದು ಕೋಟು ನಂದು ಅಂದ್ರೆ?"

ಈರುಳ್ಳಿ ಬಾಯಿ ತೆರೆದ. ಅವಳು ಕಣ್ಣಲ್ಲೇ ಮುಚ್ಚಿಸಿದಳು. ಇಸ್ತ್ರಿ ತಲೆ ಹಿಡಿದುಕೊಂಡ. ಹಡಗು ಹತ್ತುವ ದಿನ… ಬಂದರಿನ ಅಂಗಡಿ…

"ಸೂಜಿ! ದೊಡ್ಡ ಕಣ್ಣಿನ ಸೂಜಿ, ಒಂದು ಪೊಟ್ಟಣ. ಅಕ್ಕನಿಗೆ ದಾರ ಪೋಣಿಸೋಕೆ ಸುಲಭ ಆಗ್ಲಿ ಅಂತ ತಗೊಂಡಿದ್ದೆ, ಪೋಸ್ಟು ಮಾಡೋಕೆ ಮರೆತೇಬಿಟ್ಟೆ!"

"ಪೊಟ್ಟಣ ಹರಿದಿತ್ತು" ಅಂದು ಅಂಗಡಿಯಮ್ಮ ಪಟ್ಟಿ ಸುತ್ತಿದ ಬೆರಳು ತೋರಿಸಿದಳು. "ನೆನಪಾಗ್ದೆ ಇದ್ದಿದ್ರೆ ಇದೇ ಬೆರಳಲ್ಲಿ ತಿವೀತಿದ್ದೆ. ತಗೋ."

ಪಾಸ್‌ಪೋರ್ಟು ನೀರು ತಾಕದೆ ಗರಿಗರಿಯಾಗಿತ್ತು. ಇಸ್ತ್ರಿ ಪುಟ ತೆರೆದು ತನ್ನ ಮುಖ ನೋಡಿಕೊಂಡ. ಒಂಬತ್ತು ತಿಂಗಳಲ್ಲಿ ಅಷ್ಟು ಪ್ರೀತಿಯಿಂದ ಆ ಮುಖವನ್ನು ಯಾರೂ ನೋಡಿರಲಿಲ್ಲ. ನಗು ಬಂತು, ನಿಲ್ಲಲೇ ಇಲ್ಲ.

"ನೀನು ಹೋದ ಕೂಡ್ಲೇ ನೋಡ್ದೆ, ತಿರುವಿನವರೆಗೂ ಓಡ್ಬಂದೆ" ಅಂದಳು ಅವಳು. "ಎಲ್ಲಿ ಮಾಯ ಆದ್ರೋ! ನಂಬರ್ ಬರಿ ಅಂದ್ರೆ ಬರೀಲಿಲ್ಲ. ಇಷ್ಟು ಹೊತ್ತಿಗೆ ಮನೇಲಿ ಮಲಗಿರ್ಬೇಕಿತ್ತು ನಾನು. ನೀನು ಬರ್ತೀಯ ಅಂತ ಕೂತೆ, ಕೂತ ಮೇಲೆ ಸುಮ್ನೆ ಯಾಕೆ ಅಂತ ಬಾಯ್ಲರು ಹಚ್ಚಿದೆ. ಪಾಠ ಹೇಳೋ ಮೇಷ್ಟ್ರಿಗೆ ಜೇಬು ನೋಡೋದನ್ನ ಯಾರೂ ಕಲಿಸ್ಲಿಲ್ವಾ?"

ಇಸ್ತ್ರಿ ಕಿವಿ ಹಿಡಿದುಕೊಂಡ. ಒಂಬತ್ತು ತಿಂಗಳು ದುಡಿಸಿಕೊಂಡ ಕಂಪನಿ ಅರ್ಧ ಗಂಟೆ ವ್ಯಾನು ನಿಲ್ಲಿಸಲಿಲ್ಲ; ಮಧ್ಯಾಹ್ನದ ನಿದ್ದೆ ಬಿಟ್ಟು ಕೂತ ಈ ಹೆಂಗಸು ಅವನಿಗೆ ಏನೂ ಆಗಬೇಕಿರಲಿಲ್ಲ.

"ಊಟ ಮಾಡಿ, ತುಂಬಾ ಇದೆ" ಅಂದಳು.

"ಈರುಳ್ಳಿ ಹಾಕಿದ್ದೀರಾ?" ಅಂದ ಈರುಳ್ಳಿ.

"ಹಾಕಿದ್ದೀನಿ."

"ನನಗೆ ಬರೀ ಬ್ರೆಡ್ ಸಾಕಮ್ಮಾ."

ಇನ್ನೂ ಎರಡು ತಾಸಿತ್ತು. ಇಸ್ತ್ರಿಗೆ ಸುಮ್ಮನೆ ಕೂರಲಾಗಲಿಲ್ಲ. ಮೇಜಿನ ಮೇಲೆ ಅಂಗಿಗಳ ರಾಶಿ ಕಂಡಿತು. "ಒಂದೆರಡು ಕೊಡಿಯಮ್ಮಾ, ಕೈಗೆ ಸಮಾಧಾನ ಆಗ್ಲಿ" ಅಂದ.

"ರಜದ ದಿನಾನೂ ಇಸ್ತ್ರೀನಾ? ಮರಳಿ ಹಡಗಿಗೇ ಬಿಟ್ಟು ಬರ್ಲಾ?" ಅಂತ ಈರುಳ್ಳಿ ಹಂಗಿಸಿದ. ಇಸ್ತ್ರಿ ಆಗಲೇ ತೋಳು ಮಡಚಿದ್ದ. ಹಡಗಿನಲ್ಲಿ ಅವನ ಎದುರಿಗೆ ಕಬ್ಬಿಣದ ಗೋಡೆ. ಇಲ್ಲಿ ಕಿಟಕಿ, ಕಿಟಕಿಯಾಚೆ ಗಾಳಿಗೆ ಉಬ್ಬುವ ಚಾದರ. ಹಿಂದಿನಿಂದ ಯಾರೂ ಬೇಗ ಬೇಗ ಅನ್ನುತ್ತಿರಲಿಲ್ಲ. ನಾಲ್ಕನೆಯ ಅಂಗಿಯ ಹೊತ್ತಿಗೆ ಕೈಗೆ ಲಯ ಸಿಕ್ಕಿತು, ಹತ್ತನೆಯದಕ್ಕೆ ಅವನು ಗುನುಗತೊಡಗಿದ.

ಅಂಗಡಿಯಮ್ಮ ಒಂದು ಕಾಲರನ್ನು ಬೆಳಕಿಗೆ ಹಿಡಿದು ನೋಡಿದಳು. "ಸುಕ್ಕಿಲ್ಲ, ಒಪ್ಪಿದೆ. ಆದ್ರೂ ನಾನು ನನ್ನ ಥರಾನೇ ಹಾಕೋದು."

ಮೂರೂಕಾಲಿಗೇ ಇಬ್ಬರೂ ಗೇಟಿನಲ್ಲಿದ್ದರು. ಮೂರೂವರೆ ಅಂದರೆ ಮೂರೂವರೆ ಅಂದಿದ್ದ ವ್ಯಾನು ನಾಲ್ಕು ಗಂಟೆ ಐದು ನಿಮಿಷಕ್ಕೆ ಬಂತು. ಯಾರೂ ಯಾಕೆ ಅಂತ ಕೇಳಲಿಲ್ಲ, ಕೇಳಿದರೆ ಉತ್ತರ ಕೊಡುವವನೂ ಬಂದಿರಲಿಲ್ಲ. ಬಾಗಿಲು ಮುಚ್ಚಿ ವ್ಯಾನು ಹೊರಟಾಗ ಫೋನು ಬಂತು.

"ಹತ್ತಿದ್ಯೇನೋ?"

"ಹತ್ತಿದೆ ಅಕ್ಕಾ."

"ಪಾಸ್‌ಪೋರ್ಟು?"

"ಕೈಯಲ್ಲಿದೆ."

"ಮಧ್ಯಾಹ್ನ ಒಳಜೇಬಲ್ಲಿ ಅಂದ್ಯಲ್ಲ?"

"ಈಗ ಕೈಯಲ್ಲಿದೆ."

ಅಕ್ಕನಿಗೆ ಅಷ್ಟೇ ಸಾಕಾಯಿತು. "ಏನೋ ಘನಕಾರ್ಯ ಮಾಡಿದ್ದೀಯ. ಮೊದಲು ಬಂದು ಸಹಿ ಹಾಕು. ಕಣ್ಣಿನ ಪಟ್ಟಿ ಬಿಚ್ಚಲಿ, ನಿನ್ನ ಮುಖ ನೋಡ್ಕೊಂಡೇ ವಿಚಾರಿಸ್ಕೊಳ್ತೀನಿ."

"ವಿಚಾರಿಸ್ಕೊ ಅಕ್ಕಾ" ಅಂದ ಇಸ್ತ್ರಿ. "ಚೆನ್ನಾಗಿ ನೋಡ್ಕೊಂಡೇ ವಿಚಾರಿಸ್ಕೊ."